ಊರಿಗೆಲ್ಲ ಒಂದೇ ಇಮೇಲ್ ಕೊಡುವುದು ಬಿಟ್ಟ ಮೇಲೆ: ನನ್ನ ಅನುಭವ

ನೆಟ್ಟಿನಲ್ಲಿ ಕಂಪನಿಗಳು ನನ್ನ ಬೆನ್ನು ಹತ್ತುವುದನ್ನು ತಪ್ಪಿಸಲು ಒಂದೊಂದು ಖಾತೆಗೆ ಒಂದೊಂದು ಇಮೇಲ್ ವಿಳಾಸ ಕೊಡತೊಡಗಿದೆ, ಮನೆಯ ಜಾಲಕ್ಕೂ ಜರಡಿ ಹಾಕಿದೆ. ಮೊದಲೇ ಹೇಳಿಬಿಡುತ್ತೇನೆ, ಇದು ಕೆಲಸ ಮಾಡಿದೆ. "ಸುಮ್ನೆ ಟೈಮ್ ವೇಸ್ಟ್. ನಿನ್ನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನಿದೆ ಮಾರಾಯ?" ಎಂದು ನಕ್ಕಿದ್ದ ಗೆಳೆಯರೇ ಈಗ "ನಮ್ಮ ಮನೆಗೂ ಹಾಕಿಕೊಡು" ಎನ್ನುತ್ತಿದ್ದಾರೆ. ಪೈ-ಹೋಲ್ (ಮನೆಯ ಜಾಲದಲ್ಲೇ ಜಾಹೀರಾತು, ಟ್ರ್ಯಾಕರ್ ತಡೆಯುವ ತಂತ್ರಾಂಶ) ಹಾಕುವುದು ಹೇಗೆ, ಪಾಸ್‌ವರ್ಡ್ ಮ್ಯಾನೇಜರ್ ಯಾಕೆ ಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಎಲ್ಲಿ ಕೈಕೊಟ್ಟಿತು, ಎಲ್ಲಿ ದುಡ್ಡು ಹೋಯಿತು, ಕೊನೆಗೆ ಏನು ಉಳಿಯಿತು, ಅಷ್ಟು ಬರೆಯುತ್ತೇನೆ.

ಎಲ್ಲರ ಹಾಗೆ ನಾನೂ ಮೊದಲು ದುಡ್ಡು ಸುರಿದದ್ದು ವಿಪಿಎನ್‌ಗೆ, ಅಂದರೆ ನಮ್ಮ ಸಂಪರ್ಕವನ್ನು ಬೇರೆ ಕಂಪನಿಯ ಸರ್ವರ್ ಮೂಲಕ ಕಳಿಸುವ ಸೇವೆಗೆ. ಒಟ್ಟಿಗೆ ಕಟ್ಟಿದರೆ ಅಗ್ಗ ಅಂತ ಎರಡು ವರ್ಷದ ಚಂದಾ. ಆನ್ ಮಾಡಿದೆ, ಅದೇ ಬ್ರೌಸರ್ ತೆರೆದೆ, ಅದೇ ಇಮೇಲಿನಿಂದ ಅದೇ ಖಾತೆಗಳಿಗೆ ಲಾಗಿನ್ ಆದೆ. ಐಪಿ (ಜಾಲದಲ್ಲಿ ನನ್ನ ಸಂಪರ್ಕದ ವಿಳಾಸ) ಬದಲಾಗಿತ್ತು. ಬೆನ್ನು ಹತ್ತಿದ್ದ ಜಾಹೀರಾತು ಒಂದೂ ಬದಲಾಗಲಿಲ್ಲ. ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ) ನೋಡುತ್ತಿದ್ದುದನ್ನು ಈಗ ವಿಪಿಎನ್ ಕಂಪನಿ ನೋಡುತ್ತಿತ್ತು, ಅದೂ ನನ್ನ ದುಡ್ಡಿನಲ್ಲಿ. ಹೊರಗಿನ ವೈಫೈ ಬಳಸುವಾಗ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ಅಷ್ಟಕ್ಕೆ ಪೈ-ಹೋಲ್ ಓಡುವ ಮನೆಯ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿಕೊಂಡರೆ ಸಾಕು. 2020ರಲ್ಲಿ ಲಿನಕ್ಸ್ 5.6ರ ಕರ್ನಲ್‌ಗೇ (ತಿರುಳಿಗೇ) ಅದು ಸೇರಿದೆ, ಸಣ್ಣ ಬೋರ್ಡಿಗೂ ಭಾರವಲ್ಲ. ಐಎಸ್‌ಪಿಯವರು ನಿಮ್ಮನ್ನು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚುವ ಏರ್ಪಾಡು, ಹೊರಗಿನಿಂದ ಮನೆಗೆ ನೇರ ಬರಲಾಗದು) ಹಿಂದೆ ಕೂರಿಸಿದ್ದರೆ ಮಾತ್ರ ಬೇರೆ ದಾರಿ ನೋಡಬೇಕು.

ಆಮೇಲೆ ಫಿಂಗರ್‌ಪ್ರಿಂಟ್ ಹುಚ್ಚು ಹಿಡಿಯಿತು, ಅಂದರೆ ಬ್ರೌಸರಿನ ಸೆಟ್ಟಿಂಗು, ಫಾಂಟು, ಪರದೆ ಅಳತೆ ಇತ್ಯಾದಿ ನೋಡಿಯೇ ನಮ್ಮನ್ನು ಗುರುತಿಸುವುದನ್ನು ತಪ್ಪಿಸುವ ಹುಚ್ಚು. ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್‌ನವರು 2010ರಲ್ಲೇ ಪನಾಪ್ಟಿಕ್ಲಿಕ್ ಪ್ರಯೋಗದಲ್ಲಿ, ಪರೀಕ್ಷೆಗೆ ಬಂದ ಬ್ರೌಸರುಗಳಲ್ಲಿ ಶೇ. 83.6ರಷ್ಟನ್ನು ಒಂದೊಂದಾಗಿ ಗುರುತಿಸಬಹುದು ಎಂದು ತೋರಿಸಿದ್ದರು. ಈಗ ಅದಕ್ಕೆ ಕವರ್ ಯುವರ್ ಟ್ರ್ಯಾಕ್ಸ್ ಅಂತ ಹೆಸರು. ಒಂದು ಎಕ್ಸ್‌ಟೆನ್ಶನ್ ಸೇರಿಸುವುದು, ಅಲ್ಲಿ ಹೋಗಿ ಪರೀಕ್ಷೆ ಮಾಡುವುದು, ಮತ್ತೊಂದು ಸೇರಿಸುವುದು, ಇದೇ ಕೆಲಸ. ಸೇರಿಸಿದಷ್ಟೂ ನಾನು ಹೆಚ್ಚು ಎದ್ದು ಕಾಣುತ್ತಿದ್ದೆ. ಸಂತೆಯಲ್ಲಿ ಒಬ್ಬನೇ ಮುಸುಕು ಹಾಕಿಕೊಂಡು ನಿಂತರೆ ಎಲ್ಲರೂ ಅವನನ್ನೇ ನೋಡುತ್ತಾರೆ, ಅಲ್ವಾ? ಈಗ ಉಳಿದಿರುವುದು ಫೈರ್‌ಫಾಕ್ಸ್, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, ಸೈಟುಗಳ ಕುಕೀಗಳನ್ನು ಬೇರೆ ಬೇರೆ ಇಡುವ ಕಂಟೇನರ್‌ಗಳು, ಅಷ್ಟೇ. ಫೈರ್‌ಫಾಕ್ಸಿನ ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್ ಸೆಟ್ಟಿಂಗ್ ಆನ್ ಮಾಡಿದರೆ ಬ್ರೌಸರಿನ ಗಡಿಯಾರ ಯುಟಿಸಿಗೆ (ವಿಶ್ವ ಪ್ರಮಾಣಿತ ಸಮಯಕ್ಕೆ) ಹೋಗುತ್ತದೆ, ಮೀಟಿಂಗ್ ಸಮಯ ಎಲ್ಲ ಅಡ್ಡಾದಿಡ್ಡಿ. ಕೆಲಸದ ಪ್ರೊಫೈಲಿನಲ್ಲಿ ಅದನ್ನು ಆಫ್ ಮಾಡಿ, ಉಳಿದದ್ದರಲ್ಲಿ ಬಿಟ್ಟಿದ್ದೇನೆ.

ನಡುವೆ ಒಂದು ತಮಾಷೆ ಪ್ರಯೋಗವೂ ಆಯಿತು. ಆಡ್‌ನಾಸಿಯಂ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಗೊತ್ತಲ್ಲ, ಹಿಂದಿನಿಂದ ಎಲ್ಲ ಜಾಹೀರಾತನ್ನೂ ತಾನೇ ಕ್ಲಿಕ್ ಮಾಡುತ್ತಾ ಹೋಗುತ್ತದೆ. 2017ರಲ್ಲಿ ಕ್ರೋಮ್ ಅಂಗಡಿಯಿಂದ ಅದನ್ನು ತೆಗೆದುಹಾಕಿದ್ದರು. ಹಾಗಾದರೆ ಇದರಲ್ಲಿ ಏನೋ ದಮ್ ಇರಬೇಕು ಎಂದು ಫೈರ್‌ಫಾಕ್ಸಿನಲ್ಲಿ ಸುಮಾರು ಒಂದು ತಿಂಗಳು ಓಡಿಸಿದೆ. ನನಗೆ ಟ್ರ್ಯಾಕ್ಟರ್ ಬಿಡಿಭಾಗ, ಮದುವೆ ಗೌನು, ಕ್ರೂಸ್ ಹಡಗು ಎಲ್ಲದರ ಜಾಹೀರಾತೂ ಬಂತು. ನೋಡಲು ಖುಷಿ. ಆದರೆ ಕ್ಯಾಪ್ಚಾ ಕಾಟ ಜಾಸ್ತಿಯಾಯಿತು, ನನ್ನ ನಿಜವಾದ ಆಸಕ್ತಿಯ ಜಾಹೀರಾತೂ ಅದರ ಜೊತೆಗೇ ಬರುತ್ತಿತ್ತು. ಕಸ ಸುರಿದರೆ ಅಸಲಿ ಮುಚ್ಚಿಹೋಗುತ್ತದೆ ಎಂಬ ಲೆಕ್ಕ ನನ್ನ ಮಟ್ಟಿಗಂತೂ ನಡೆಯಲಿಲ್ಲ.

ಇಷ್ಟಾದ ಮೇಲೆ ಹೊಳೆದದ್ದು ಇಷ್ಟು. ನನ್ನನ್ನು ಯಾರೋ ನೋಡುತ್ತಾರೆ ಎಂಬುದಕ್ಕಿಂತ, ಹತ್ತು ಕಡೆ ನೋಡಿದ್ದನ್ನು ಒಟ್ಟು ಜೋಡಿಸುತ್ತಾರೆ ಎಂಬುದೇ ದೊಡ್ಡ ಸಮಸ್ಯೆ. ಹುಟ್ಟಿದ ದಿನ, ಲಿಂಗ, ಅಂಚೆ ಕೋಡ್ ಈ ಮೂರನ್ನೇ ಇಟ್ಟುಕೊಂಡು ಅಮೆರಿಕದ ಶೇ. 87 ಜನರನ್ನು ಗುರುತಿಸಬಹುದು ಎಂದು ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲೇ ಲೆಕ್ಕ ಹಾಕಿದ್ದರು. ಈಗಂತೂ ಅಷ್ಟು ಕಷ್ಟವೂ ಬೇಡ, ಇಮೇಲ್ ಇದೆ. ಜಾಹೀರಾತಿನವರು ಅದನ್ನು ಸಣ್ಣಕ್ಷರ ಮಾಡಿ, ಎಸ್‌ಎಚ್‌ಎ-256 ಹ್ಯಾಶ್ ಮಾಡಿ (ಒಂದು ಸೂತ್ರದಿಂದ ಉದ್ದದ ಸಂಕೇತವಾಗಿ ಬದಲಿಸಿ) ತಾಳೆ ನೋಡುತ್ತಾರೆ. "ಹ್ಯಾಶ್ ಮಾಡಿದ್ದೇವೆ, ಇಮೇಲ್ ಯಾರಿಗೂ ಕಾಣಲ್ಲ" ಎನ್ನುತ್ತಾರೆ. ಆದರೆ ಒಂದೇ ಇಮೇಲಿಗೆ ಎಲ್ಲ ಕಡೆಯೂ ಅದೇ ಹ್ಯಾಶ್ ಬರುತ್ತದಲ್ಲ! ವಿಳಾಸದ ಹೆಸರಿನ ಮುಂದೆ ಪ್ಲಸ್ ಹಾಕಿ ಏನಾದರೂ ಸೇರಿಸುವ ಜಿಮೇಲಿನ ಉಪಾಯವೂ ಸಾಲದು. ಯುಐಡಿ2 ಎಂಬಂಥ, ಇಮೇಲಿನಿಂದ ಜನರನ್ನು ಗುರುತಿಸುವ ಜಾಹೀರಾತು ವ್ಯವಸ್ಥೆಯಲ್ಲಿ ಹ್ಯಾಶ್ ಮಾಡುವ ಮೊದಲೇ ಜಿಮೇಲ್ ವಿಳಾಸದ ಚುಕ್ಕಿ, ಪ್ಲಸ್ ಎಲ್ಲ ಕಿತ್ತು ಹಾಕುತ್ತಾರೆ.

ಹಾಗಾಗಿ ಒಂದೊಂದು ಖಾತೆಗೆ ಒಂದೊಂದು ವಿಳಾಸ ಎಂದು ತೀರ್ಮಾನ ಮಾಡಿದೆ. ಸ್ವಂತ ಡೊಮೇನ್ (ಇಮೇಲಿನಲ್ಲಿ @ ಆದ ಮೇಲೆ ಬರುವ ಹೆಸರು) ತೆಗೆದುಕೊಂಡೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಮೇಲ್ ಸರ್ವರೂ ಸ್ವಂತದ್ದೇ ಇರಲಿ ಎಂದು ವಿಪಿಎಸ್ (ಬಾಡಿಗೆ ಸರ್ವರ್) ಹಿಡಿದೆ. ಮೇಲ್ ಅಸಲಿ ಎಂದು ತೋರಿಸಲು ಬೇಕಾದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್, ರಿವರ್ಸ್ ಡಿಎನ್‌ಎಸ್, ಎಲ್ಲ ಸರಿಯಾಗಿಯೇ ಹಾಕಿದ್ದೆ. ಆದರೂ ಕಳಿಸಿದ ಮೇಲ್ ಸೀದಾ ಸ್ಪ್ಯಾಮ್‌ಗೆ. ನನಗೆ ಸಿಕ್ಕ ಐಪಿಯನ್ನು ಹಿಂದೆ ಯಾರೋ ಸ್ಪ್ಯಾಮ್ ಕಳಿಸಲು ಬಳಸಿದ್ದರು, ಅದರ ಪಾಪ ನನ್ನ ತಲೆಗೆ. ಐಪಿ ಬದಲಿಸಿಕೊಂಡೆ, ಆ ಸಾಲಿನ ಐಪಿಗಳೇ ಕಪ್ಪುಪಟ್ಟಿಯಲ್ಲಿದ್ದವು. ಆರೇಳು ತಿಂಗಳು ಬಾಡಿಗೆ ಕಟ್ಟಿದ್ದೇ ಬಂತು. ಕೊನೆಗೆ ಡೊಮೇನ್ ನನ್ನದು, ಡಬ್ಬಿ ಬೇರೆಯವರದು ಎಂಬ ಏರ್ಪಾಡಿಗೆ ಬಂದೆ. ಸೇವೆ ಕೆಟ್ಟರೆ ಎಂಎಕ್ಸ್ ರೆಕಾರ್ಡ್ (ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಾಲು) ಬದಲಿಸಿ ಇನ್ನೊಂದು ಕಡೆ ಹೋಗುತ್ತೇನೆ, ವಿಳಾಸ ಒಂದೂ ಬದಲಾಗಲ್ಲ. ವಿಪಿಎನ್‌ನ ಒಂದು ವರ್ಷದ ಚಂದಾದಲ್ಲಿ ಡೊಮೇನನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳಬಹುದು. ನವೀಕರಣ ಮಾತ್ರ ತಪ್ಪಬಾರದು. ಡೊಮೇನ್ ಕೈಬಿಟ್ಟರೆ ಕೊಂಡವನಿಗೆ ನಿಮ್ಮ ಪಾಸ್‌ವರ್ಡ್ ರೀಸೆಟ್ ಮೇಲ್ ಎಲ್ಲ ಹೋಗುತ್ತದೆ. ಡಾಟ್ ಕಾಮ್ ಆದರೆ ಹತ್ತು ವರ್ಷದ್ದು ಒಟ್ಟಿಗೆ ಕಟ್ಟಬಹುದು, ನಾನು ಹಾಗೇ ಮಾಡಿದ್ದೇನೆ.

ಕ್ಯಾಚ್-ಆಲ್ (ಡೊಮೇನಿನ ಯಾವ ವಿಳಾಸಕ್ಕೆ ಬಂದರೂ ಮೇಲ್ ತೆಗೆದುಕೊಳ್ಳುವ ಏರ್ಪಾಡು) ತೆರೆದು ಬಿಟ್ಟರೆ ಕಸ ಬರುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ನಿಜ, ಇನ್ಫೋ, ಅಡ್ಮಿನ್, ಸೇಲ್ಸ್ ಎಂದು ಊಹೆ ಮೇಲೆ ಕಳಿಸುವವರು ದಿನಕ್ಕೆ ಮೂವತ್ತು ನಲವತ್ತು ಮೇಲ್ ಸುರಿಯುತ್ತಿದ್ದರು. ನನ್ನ ವಿಳಾಸಗಳನ್ನು ಒಂದು ಸೂತ್ರದ ಮೇಲೆ ಕಟ್ಟಿದ್ದೇನೆ. ಸೈಟಿನ ಹೆಸರಿಗೆ ಒಂದು ಲೆಕ್ಕ ಹಾಕಿದರೆ ಕೊನೆಯ ಮೂರು ಅಕ್ಷರ ಸಿಗುತ್ತದೆ. ಆ ಅಕ್ಷರ ತಪ್ಪಿದ್ದರೆ ಫಿಲ್ಟರ್ ಅಲ್ಲೇ ಬಿಸಾಡುತ್ತದೆ. ಲೆಕ್ಕ ಯಾವುದು ಎಂದು ಕೇಳಬೇಡಿ, ಹೇಳಿದರೆ ಅದರ ಕಥೆ ಮುಗಿಯಿತು.

ಇದರ ನಿಜವಾದ ಮಜಾ ಗೊತ್ತಾಗಿದ್ದು ಒಂದು ಸಾಲದ ಜಾಹೀರಾತು ಬಂದಾಗ. ಕಳಿಸಿದವರು ಯಾರೋ, ಹೆಸರೇ ಕೇಳಿಲ್ಲ. ಹೆಡರ್ ತೆರೆದು 'ಟು' ಸಾಲು ನೋಡಿದರೆ, ಅಲ್ಲಿದ್ದದ್ದು ನಾನು ಒಂದು ಚಪ್ಪಲಿ ಮಾರುವ ಸೈಟಿಗೆ ಮಾತ್ರ ಕೊಟ್ಟ ವಿಳಾಸ, ಕೊನೆಯ ಮೂರು ಅಕ್ಷರವೂ ಸರಿಯಾಗಿತ್ತು. ಚಪ್ಪಲಿ ಸೈಟಿನವರಿಗೆ ಬರೆದೆ. "ನಾವು ಯಾರಿಗೂ ಮಾಹಿತಿ ಕೊಡುವುದಿಲ್ಲ" ಎಂದು ಉತ್ತರ ಬಂತು. ವಿಳಾಸ ಕೊಂದು ಹಾಕಿದೆ, ಮುಗಿಯಿತು. ಈಗ ನನ್ನ ಹತ್ತಿರ ಇನ್ನೂರರಿಂದ ಇನ್ನೂರೈವತ್ತು ವಿಳಾಸ ಇರಬಹುದು. ಹೀಗೆ ಸಿಕ್ಕಿಬಿದ್ದವು ಹತ್ತಕ್ಕಿಂತ ಕಮ್ಮಿ. ಸೋರಿಕೆಯಾದ ಖಾತೆಗಳ ಮಾಹಿತಿ ಕೊಡುವ ಹ್ಯಾವ್ ಐ ಬೀನ್ ಪೋನ್ಡ್‌ ಸೈಟಿನಲ್ಲಿ ಡೊಮೇನ್ ನೋಂದಾಯಿಸಿದರೆ, ಸೋರಿಕೆಯಲ್ಲಿ ಯಾವ ವಿಳಾಸ ಹೋಗಿದೆ ಎಂದು ಅವರೇ ತಿಳಿಸುತ್ತಾರೆ.

"ಡೊಮೇನ್ ನಿನ್ನೊಬ್ಬನದೇ, ಅದನ್ನು ನೋಡಿದರೇ ಗೊತ್ತಾಗಲ್ವಾ?" ಎಂಬುದು ದೊಡ್ಡ ತಕರಾರು. ಮನುಷ್ಯ ನೋಡಿದರೆ ಗೊತ್ತಾಗುತ್ತದೆ. ಆದರೆ ತಾಳೆ ನೋಡುವುದು ಯಂತ್ರ, ಅದಕ್ಕೆ ಸಿಗುವುದು ಪೂರ್ತಿ ವಿಳಾಸದ ಹ್ಯಾಶ್, ಅದರಲ್ಲಿ ಡೊಮೇನ್ ಕಾಣುವುದಿಲ್ಲ. ನನ್ನ ಹೆಸರೇ ಬರಬಾರದು ಎನ್ನುವ ಕಡೆ ಮೇಲನ್ನು ನಮಗೆ ದಾಟಿಸುವ ಸಿಂಪಲ್‌ಲಾಗಿನ್ ಅಥವಾ ಫೈರ್‌ಫಾಕ್ಸ್ ರಿಲೇ ಸೇವೆಯ ವಿಳಾಸ ಕೊಡುತ್ತೇನೆ, ಅಲ್ಲಿ ಡೊಮೇನ್ ಸಾವಿರಾರು ಜನಕ್ಕೆ ಒಂದೇ.

ಇನ್ನು ಮನೆಯ ಜಾಲ. 2013ರಲ್ಲಿ ಅಮೆರಿಕದ ಬೇಹುಗಾರಿಕೆಯ ಸ್ನೋಡೆನ್ ಕಡತಗಳು ಹೊರಬಿದ್ದ ಮೇಲೆ ಎಚ್‌ಟಿಟಿಪಿಎಸ್ (ಸೈಟಿನ ಜೊತೆಗಿನ ಮಾತನ್ನು ಗುಪ್ತವಾಗಿಡುವ ವಿಧಾನ) ಎಲ್ಲ ಕಡೆ ಬಂತು, ಒಳಗಿನ ಮಾತು ಮುಚ್ಚಿತು. ಯಾರ ಮನೆ ಬಾಗಿಲು ತಟ್ಟಿದೆವು ಎಂಬುದು ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರು ಕೇಳಿ ಅದರ ಐಪಿ ಹುಡುಕುವ ವ್ಯವಸ್ಥೆ) ಇನ್ನೂ ಬಯಲು. ಪೈ-ಹೋಲ್ ಜೊತೆ ಅನ್‌ಬೌಂಡ್ (ಮನೆಯಲ್ಲೇ ಓಡುವ ಡಿಎನ್‌ಎಸ್ ಸರ್ವರ್) ಹಾಕಿದೆ. ಎರಡು ದಿನ ಚೆನ್ನಾಗಿತ್ತು, ಆಮೇಲೆ ನೋಡಿದರೆ ಫೋನುಗಳ ಅರ್ಧಕ್ಕರ್ಧ ಡಿಎನ್‌ಎಸ್ ಪ್ರಶ್ನೆಗಳು ಪೈ-ಹೋಲ್‌ಗೆ ಬರುತ್ತಲೇ ಇಲ್ಲ. ಕಾರಣ ಐಪಿವಿ6, ಅಂದರೆ ಐಪಿ ವಿಳಾಸಗಳ ಹೊಸ ಪದ್ಧತಿ. ಐಎಸ್‌ಪಿ ಕೊಟ್ಟ ರೌಟರ್ ತನ್ನದೇ ಡಿಎನ್‌ಎಸ್ ವಿಳಾಸವನ್ನು ರೌಟರ್ ಅಡ್ವರ್ಟೈಸ್‌ಮೆಂಟ್‌ನಲ್ಲಿ (ಮನೆಯ ಸಾಧನಗಳಿಗೆ ರೌಟರ್ ಕಳಿಸುವ ಸೂಚನೆಯಲ್ಲಿ) ಸಾರುತ್ತಿತ್ತು, ಆಂಡ್ರಾಯ್ಡ್ ಅದನ್ನೇ ಹಿಡಿಯುತ್ತಿತ್ತು. ಆಫ್ ಮಾಡಲು ಆ ರೌಟರಿನಲ್ಲಿ ಜಾಗವೇ ಇರಲಿಲ್ಲ. ಅದರ ಹಿಂದೆ ನನ್ನದೇ ರೌಟರ್ ಕೂರಿಸಿದೆ, ಅದಕ್ಕೆ ಬೋರ್ಡಿಗಿಂತ ಜಾಸ್ತಿ ಖರ್ಚಾಯಿತು.

ಟಿವಿಯದ್ದು ಬೇರೆಯೇ ಕಥೆ. ನಾನು ಕೊಟ್ಟ ಡಿಎನ್‌ಎಸ್ ಬಿಟ್ಟು ನೇರ ಗೂಗಲಿನ ಡಿಎನ್‌ಎಸ್ 8.8.8.8ಕ್ಕೆ ಹೋಗುತ್ತಿತ್ತು. ಡಿಎನ್‌ಎಸ್ ಪ್ರಶ್ನೆ ಹೋಗುವ 53ನೇ ಪೋರ್ಟಿನ (ದಾರಿಯ) ಎಲ್ಲವನ್ನೂ ರೌಟರಿನಲ್ಲೇ ಹಿಡಿದು ಪೈ-ಹೋಲ್ ಕಡೆ ತಿರುಗಿಸಿದೆ, ಗುಪ್ತ ಡಿಎನ್‌ಎಸ್ ಹೋಗುವ 853ನ್ನು ಮುಚ್ಚಿದೆ. ಆವತ್ತು ರಾತ್ರಿ ಟಿವಿ ಆಫ್ ಆಗಿ ಸ್ಟ್ಯಾಂಡ್‌ಬೈನಲ್ಲಿತ್ತು. ಬೆಳಿಗ್ಗೆ ಲಾಗ್ ನೋಡಿದರೆ ಒಂದೇ ಹೆಸರನ್ನು ನಾಲ್ಕೈದು ಸೆಕೆಂಡಿಗೊಮ್ಮೆ ಕೇಳುತ್ತಾ ಕೂತಿದೆ, ಪರದೆ ತುಂಬ ಬ್ಲಾಕ್ ಆದ ಕೆಂಪು ಸಾಲು, ಸಾವಿರಗಟ್ಟಲೆ. ಟಿವಿ ಏನು ಕಳಿಸಬಲ್ಲದು ಎಂಬ ಅನುಮಾನ ಇದ್ದವರು ಅಮೆರಿಕದ ಟಿವಿ ಕಂಪನಿ ವಿಜಿಯೋದ ಪ್ರಕರಣ ನೋಡಿ. 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಎಂಬುದನ್ನು ಸೆಕೆಂಡ್ ಸೆಕೆಂಡ್ ಲೆಕ್ಕದಲ್ಲಿ ಕೇಳದೇ ಸಂಗ್ರಹಿಸಿದ ಆರೋಪಕ್ಕೆ ಆ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನನ್ನ ಟಿವಿಗೆ ಈಗ ಇಂಟರ್ನೆಟ್ಟೇ ಇಲ್ಲ, ಎಚ್‌ಡಿಎಂಐಗೆ ಬೇರೆ ಪೆಟ್ಟಿಗೆ ಹಾಕಿದ್ದೇನೆ.

ಆ ಸಾವಿರಗಟ್ಟಲೆ ಲಾಗ್ ಬರೆದೂ ಬರೆದೂ ಮೈಕ್ರೊ ಎಸ್‌ಡಿ ಕಾರ್ಡ್ ಎರಡು ಸತ್ತವು. ಲಾಗನ್ನು ರ‍್ಯಾಮ್‌ಗೆ ಹಾಕಿ, ಹಳೆಯ ಎಸ್‌ಎಸ್‌ಡಿಯಿಂದ ಬೂಟ್ ಮಾಡಿದ ಮೇಲೆ ಬೋರ್ಡ್ ತಂಟೆ ಮಾಡಿಲ್ಲ. ಫೋನುಗಳು ಮ್ಯಾಕ್ ವಿಳಾಸ (ಜಾಲದಲ್ಲಿ ಸಾಧನದ ಗುರುತು ಸಂಖ್ಯೆ) ಬದಲಿಸುವುದರಿಂದ ಯಾರ ಲಾಗ್ ಯಾವುದು ಎಂದು ತಿಳಿಯದು ಎಂದು ಕೆಲವರು ಗೊಣಗುತ್ತಾರೆ. ಮನೆಯವರ ಮೇಲೆ ನಾನೇ ಕಣ್ಣಿಡುವುದಕ್ಕೆ ಇದನ್ನು ಹಾಕಿದ್ದಲ್ಲವಲ್ಲ. ಹೆಸರಿಲ್ಲದೆ ಎಣಿಕೆ ಮಾತ್ರ ಇಡುತ್ತೇನೆ. ಮೊದಮೊದಲು ನೂರಕ್ಕೆ ಮೂವತ್ತರಷ್ಟು ಪ್ರಶ್ನೆ ಬ್ಲಾಕ್ ಆಗುತ್ತಿತ್ತು, ಟಿವಿ ಹೋದ ಮೇಲೆ ಹದಿನೈದರ ಆಸುಪಾಸು.

ಫೋನಿನದ್ದು ಚಿಕ್ಕ ಮಾತು. ಜಾಹೀರಾತು ಐಡಿ ಅಳಿಸಿದ್ದೇನೆ, ಲೊಕೇಶನ್ ಮ್ಯಾಪಿಗೆ ಮಾತ್ರ, ಅದೂ ಬಳಸುವಾಗ. ಹಳೆಯ ಪಿಕ್ಸೆಲ್ ಒಂದರಲ್ಲಿ ಗ್ರಾಫೀನ್ ಓಎಸ್ (ಖಾಸಗಿತನಕ್ಕೆ ಒತ್ತು ಕೊಡುವ ಆಂಡ್ರಾಯ್ಡ್ ರೂಪ) ಹಾಕಿ ನೋಡಿದೆ. ಒಂದೊಂದು ಆ್ಯಪಿನ ಇಂಟರ್ನೆಟ್ಟನ್ನೇ ಕತ್ತರಿಸಬಹುದು, ಅದು ಬಹಳ ಹಿಡಿಸಿತು. ಬ್ಯಾಂಕಿನ ಒಂದು ಆ್ಯಪ್ ಮಾತ್ರ ಏನು ಮಾಡಿದರೂ ತೆರೆಯಲಿಲ್ಲ, ಅದಕ್ಕೆ ಎರಡು ಫೋನ್ ಹೊರುತ್ತಿದ್ದೇನೆ.

ಉಳಿದಿರುವುದು ಫೋನ್ ನಂಬರ್. ಅದನ್ನೂ ಇಮೇಲಿನ ಹಾಗೇ ಹ್ಯಾಶ್ ಮಾಡಿ ಜೋಡಿಸುತ್ತಾರೆ, ಇನ್ನೂರು ನಂಬರ್ ಮಾಡಿಕೊಳ್ಳಲು ಆಗುವುದಿಲ್ಲ. ಎರಡು ಮಾಡಿದ್ದೇನೆ. ಹೊಸದು ಬ್ಯಾಂಕಿಗೆ, ಸರ್ಕಾರಿ ಕೆಲಸಕ್ಕೆ, ಬೇರೆ ಯಾರಿಗೂ ಕೊಡಲ್ಲ. ಸಾಧ್ಯವಿದ್ದ ಕಡೆಯೆಲ್ಲ ಎಸ್‌ಎಂಎಸ್ ಒಟಿಪಿ ತೆಗೆದು ಪಾಸ್‌ಕೀ (ಫೋನಿನಲ್ಲೇ ಇರುವ ಡಿಜಿಟಲ್ ಕೀಲಿ) ಅಥವಾ ಆಥೆಂಟಿಕೇಟರ್ ಆ್ಯಪಿನ ಕೋಡ್ ಹಾಕಿದ್ದೇನೆ. ಇನ್ನೂ ಹತ್ತು ಹನ್ನೆರಡು ಕಡೆ ಹಳೇ ನಂಬರೇ ಇದೆ. ಅವುಗಳಲ್ಲಿ ಕೆಲವು ಕಡೆ ನಂಬರ್ ಬದಲಿಸಬೇಕೆಂದರೆ ಹಳೇ ನಂಬರಿಗೇ ಒಟಿಪಿ ಬರಬೇಕು. ಹಾಗಾಗಿ ಆ ಸಿಮ್‌ಗೆ ಮೊನ್ನೆ ಮತ್ತೊಂದು ವರ್ಷದ ರೀಚಾರ್ಜ್ ಮಾಡಿಸಿದೆ.