ಜಡಿಮಳೆಗೂ ಜಗ್ಗದ ಕೆಲಸದ ಮೇಜು: ಮಲೆನಾಡಿನ ತೋಟದ ಮನೆಗೆ

ಕಳೆ ಕೊಚ್ಚುವ ಯಂತ್ರದ ಬ್ಲೇಡು ಬಿಚ್ಚುವುದು, ಔಷಧಿ ಪಂಪಿನ ವಾಷರ್ ಬದಲಿಸುವುದು, ಕತ್ತಿಗೆ ಹಿಡಿ ಹಾಕುವುದು, ಮೋಟಾರಿನ ಬೇರಿಂಗ್ ಕೀಳುವುದು. ಇಷ್ಟೂ ಕೆಲಸ ನಮ್ಮ ಕಡೆ ಜಗುಲಿಯ ಮೆಟ್ಟಿಲ ಮೇಲೋ ಅಂಗಳದ ಕಲ್ಲಿನ ಮೇಲೋ ನಡೆಯುತ್ತದೆ. ಸೊಂಟ ನೋಯುತ್ತದೆ, ಸ್ಪ್ಯಾನರ್ ಜಾರುತ್ತದೆ, ನಟ್ಟಿನ ಮೂಲೆ ಸವೆಯುತ್ತದೆ. ವೈಸ್ (ಸಾಮಾನನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನ) ಬಿಗಿದ ಒಂದು ಗಟ್ಟಿ ಮೇಜು ಇದ್ದರೆ ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಇರುವುದಿಲ್ಲ. ಆದರೆ ಬಯಲುಸೀಮೆಯ ಅಳತೆ ತಂದು ತೀರ್ಥಹಳ್ಳಿ, ಹೊಸನಗರದಲ್ಲಿ ಮೇಜು ಕಟ್ಟಿದರೆ ಎರಡು ಮಳೆಗಾಲದಲ್ಲಿ ಅದು ಸೊಟ್ಟಗಾಗುತ್ತದೆ. ಇಲ್ಲಿ ಮರ ಆಷಾಢದಲ್ಲಿ ಉಬ್ಬಿ ಫಾಲ್ಗುಣದಲ್ಲಿ ಕುಗ್ಗುತ್ತದೆ. ಅದನ್ನು ತಡೆಯಲು ಹೋಗಬಾರದು, ಅದಕ್ಕೆ ಜಾಗ ಬಿಡಬೇಕು.

ಎತ್ತರ

ಮೊದಲು ಎತ್ತರ ನಿರ್ಧರಿಸಿ, ಮಿಕ್ಕ ಅಳತೆಗಳೆಲ್ಲ ಅದರಿಂದ ಬರುತ್ತವೆ. ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ವೈಸಿನ ದವಡೆಯ ಮೇಲ್ತುದಿ ಅಲ್ಲಿಗೆ ಬರಬೇಕು. ಮೊಣಕೈ 42 ಇಂಚಿಗಿದ್ದು ವೈಸಿನ ಎತ್ತರ 8 ಇಂಚಾದರೆ ಮೇಜು 34 ಇಂಚು. ವೈಸನ್ನು ಮೊದಲೇ ಕೊಂಡು ಅಳೆಯುವುದು ಒಳ್ಳೆಯದು, ಕಂಪನಿಯಿಂದ ಕಂಪನಿಗೆ ಎತ್ತರ ಬೇರೆ. ಮೇಜು ತಗ್ಗಾದರೆ ಅರ ಹಾಕುವಾಗ ಬೆನ್ನು ಬಾಗುತ್ತದೆ. ಎತ್ತರವಾದರೆ ಮೈಭಾರ ಹಾಕಲಾಗದೆ ತೋಳಿನ ಬಲವನ್ನಷ್ಟೇ ನೆಚ್ಚಬೇಕಾಗುತ್ತದೆ.

ಉದ್ದ 5 ಅಡಿ ಸಾಕು. ಅಗಲ ಸುಮಾರು 2 ಅಡಿ. ಅದಕ್ಕಿಂತ ಅಗಲ ಮಾಡಿದರೆ ಹಿಂಬದಿ ಮೂರು ತಿಂಗಳಲ್ಲಿ ಹಳೇ ಡಬ್ಬಗಳ ಗೂಡಾಗುತ್ತದೆ.

ಮರ

ಕೈಗೆಟಕುವ ಬೆಲೆಗೆ ನಮ್ಮಲ್ಲಿ ಸಿಗುವುದು ಅಕೇಸಿಯಾ. ಗಟ್ಟಿ, ಭಾರ, ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಹಸಿಯಾಗಿದ್ದಾಗ ಬಿಸಿಲಿಗಿಟ್ಟರೆ ಮಾತ್ರ ತುದಿಯಿಂದ ಸೀಳುತ್ತದೆ. ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು ಯಾವುದಾದರೂ ಹಳೇ ಮನೆ ಕೆಡವಿದ ಕಡೆ ಜಂತಿಯಾಗಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ದಶಕಗಳ ಕಾಲ ಒಣಗಿದ ಮರ ಅದು. ಕೊಯ್ಯುವ ಮೊದಲು ಹಳೇ ಮೊಳೆ ಹುಡುಕಿ ಕೀಳಿ. ಸಿಲ್ವರ್ ಓಕ್ ಮತ್ತು ಮಾವು ಬೇಡ, ಹುಳು ಬೇಗ ಹಿಡಿಯುತ್ತದೆ. ಯಾವ ಮರವಾದರೂ ಚೇಗಿನ ಭಾಗವನ್ನೇ ಕೇಳಿ ತೆಗೆದುಕೊಳ್ಳಿ, ಹೊರಗಿನ ಬಿಳಿ ಭಾಗವೇ ಒರಲೆಗೆ ಮೊದಲ ತುತ್ತು. ಮರ ಸ್ವಂತ ಜಮೀನಿನದೇ ಆದರೂ ಕಡಿಯುವ, ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ದೀಪಾವಳಿ ಕಳೆದ ಮೇಲೆ ಸಾಮಿಲ್ಲಿನಲ್ಲಿ ಕೊಯ್ಸಿ. ಬಿಸಿಲು ಬೀಳದ, ಗಾಳಿಯಾಡುವ ಮಾಡಿನಡಿ ಹಲಗೆಗಳ ನಡುವೆ ಎರಡೆರಡು ಅಡಿಗೆ ಒಂದಿಂಚಿನ ರೀಪಿನ ತುಂಡಿಟ್ಟು ಪೇರಿಸಿ. ತುಂಡುಗಳು ಒಂದರ ಮೇಲೊಂದು ನೇರ ಬರಬೇಕು, ಇಲ್ಲದಿದ್ದರೆ ಹಲಗೆ ಅಲ್ಲೇ ಬಾಗುತ್ತದೆ. ತುದಿಗಳಿಗೆ ಹಳೇ ಪೇಂಟ್ ಬಳಿದು, ಮೇಲೆ ನಾಲ್ಕಾರು ಚಿರೆಕಲ್ಲು ಹೇರಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ಸಾಮಾನ್ಯ ಲೆಕ್ಕ. ಅಷ್ಟು ಕಾಯಲಾಗದವರು ಹಳೇ ಮರವನ್ನೇ ಹುಡುಕುವುದು ಲೇಸು.

ಬೇಕಾಗುವ ತುಂಡುಗಳು ಇವು:

- ಮುಂದಿನ ಹಲಗೆ 1: 5 ಅಡಿ ಉದ್ದ, 8 ಇಂಚು ಅಗಲ, 3 ಇಂಚು ದಪ್ಪ
- ಹಿಂದಿನ ಹಲಗೆ 3: 5 ಅಡಿ ಉದ್ದ, 5½ ಇಂಚು ಅಗಲ, 2 ಇಂಚು ದಪ್ಪ
- ಕಾಲು 4: 4×4 ಇಂಚು, ಉದ್ದ 31 ಇಂಚು (ಮೇಲ್ಹಲಗೆಯ 2 ಇಂಚು, ಕಾಲಿನಡಿಯ ಕಲ್ಲಿನ ಬಿಲ್ಲೆಯ 1 ಇಂಚು ಸೇರಿ 34)
- ಅಡ್ಡಪಟ್ಟಿ 8 (ಉದ್ದದವು 4, ಗಿಡ್ಡವು 4): 4×2 ಇಂಚು

ಒಟ್ಟು ನಾಲ್ಕೂವರೆ ಘನ ಅಡಿ. ತ್ಯಾಜ್ಯ ಸೇರಿಸಿ ಐದೂವರೆ ತನ್ನಿ. ಕಟ್ಟಿ ಮುಗಿದಾಗ ಅಕೇಸಿಯಾ ಮೇಜು ಸುಮಾರು 80 ಕೆ.ಜಿ. ತೂಗುತ್ತದೆ. ಈ ತೂಕ ಬೇಕೇ ಬೇಕು. ಸ್ಪ್ಯಾನರಿಗೆ ಪೈಪು ತೊಡಿಸಿ ಜಗ್ಗುವಾಗ ಹಗುರ ಮೇಜು ನಿಮ್ಮ ಕಡೆಗೇ ಮಗುಚುತ್ತದೆ.

ಜೋಡಣೆ

ಅಂಟು, ಮೊಳೆ ಎರಡನ್ನೂ ಇಲ್ಲಿ ನೆಚ್ಚಬೇಡಿ. ಮಂಚದ ಕಾಲಿಗೆ ಹಾಕುವ ರೀತಿಯ ಬೋಲ್ಟು ಜೋಡಣೆಯೇ ಸರಿ, ಬೇಸಿಗೆಯಲ್ಲಿ ಸಡಿಲವಾದಾಗ ಮತ್ತೆ ಬಿಗಿಯಬಹುದು. ಕಾಲಿನಲ್ಲಿ ಅರ್ಧ ಇಂಚು ಆಳದ ಗುಳಿ ತೆಗೆದು ಅಡ್ಡಪಟ್ಟಿಯ ತುದಿ ಅದರಲ್ಲಿ ಬಿಗಿಯಾಗಿ ಕೂರುವಂತೆ ಮಾಡಿ, ಪಟ್ಟಿ ತಿರುಗದಂತೆ ತಡೆಯುವುದು ಈ ಗುಳಿಯೇ. ಹೊರಗಿನಿಂದ ಕಾಲಿನ ಮೂಲಕ ಪಟ್ಟಿಯೊಳಕ್ಕೆ 12 ಮಿ.ಮೀ. ದಪ್ಪ, 200 ಮಿ.ಮೀ. ಉದ್ದದ ಬೋಲ್ಟು. ಪಟ್ಟಿಯ ಒಳಮೈಯಲ್ಲಿ ಕೊರೆದ ಕಿಂಡಿಯಲ್ಲಿ ವಾಷರ್, ನಟ್ಟು. ಹೀಗೆ 16 ಬೋಲ್ಟು. ಒಂದೇ ಕಾಲಿಗೆ ಎರಡು ದಿಕ್ಕಿನಿಂದ ಬರುವ ಬೋಲ್ಟುಗಳು ಒಳಗೆ ಡಿಕ್ಕಿಯಾಗುತ್ತವೆ. ಉದ್ದ ಪಟ್ಟಿಯ ತೂತನ್ನು ನಡುವಿನಿಂದ ಅರ್ಧ ಇಂಚು ಮೇಲಕ್ಕೂ ಗಿಡ್ಡ ಪಟ್ಟಿಯದನ್ನು ಅರ್ಧ ಇಂಚು ಕೆಳಕ್ಕೂ ಕೊರೆಯಿರಿ. ಮೇಲಿನ ಪಟ್ಟಿಗಳು ಕಾಲಿನ ತಲೆಗೆ ಸಮ, ಕೆಳಗಿನವು ನೆಲದಿಂದ 6 ಇಂಚು ಎತ್ತರ. ಪೂರ್ತಿ ಬಿಗಿಯುವ ಮುನ್ನ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಇದ್ದರೆ ಮೂಲೆ ಸರಿಯಿದೆ.

ಅಕೇಸಿಯಾ, ಮತ್ತಿಯಂಥ ಒಗರಿನ ಮರಕ್ಕೆ ಬರೀ ಕಬ್ಬಿಣದ ಬೋಲ್ಟು ಹಾಕಿದರೆ ತೇವಕ್ಕೆ ಸುತ್ತ ಕಪ್ಪಾಗಿ ತುಕ್ಕು ಹಿಡಿದು ಬಿಚ್ಚಲು ಬರುವುದಿಲ್ಲ. ಸತುವು ಲೇಪಿಸಿದ ಜಿಐ ಬೋಲ್ಟು ತನ್ನಿ, ಹಾಕುವ ಮೊದಲು ಗ್ರೀಸ್ ಸವರಿ.

ಮೇಲ್ಹಲಗೆಯಲ್ಲಿ ತಪ್ಪಿದರೆ ಇಡೀ ಮೇಜೇ ಕೆಡುತ್ತದೆ. ಮಳೆಗಾಲಕ್ಕೂ ಕಡುಬೇಸಿಗೆಗೂ ನಡುವೆ ಮರದ ತೇವಾಂಶ ಶೇಕಡಾ 7ರಷ್ಟು ಏರಿಳಿದರೆ ಎರಡಡಿ ಅಗಲದ ಮರ ಸುಮಾರು ಅರ್ಧ ಇಂಚು ಹಿಗ್ಗಿ ಕುಗ್ಗುತ್ತದೆ. ನಾಲ್ಕು ಹಲಗೆಯನ್ನು ಅಂಟಿಸಿ ಒಂದಾಗಿಸಿ ನಾಲ್ಕೂ ಮೂಲೆ ಬಿಗಿದರೆ ಅದು ಸೀಳಬೇಕು, ಇಲ್ಲವೇ ಚೌಕಟ್ಟನ್ನು ತಳ್ಳಬೇಕು. ಆದ್ದರಿಂದ ಹಲಗೆಗಳನ್ನು ಬಿಡಿಬಿಡಿಯಾಗಿಯೇ ಇಡಿ. ಪ್ರತಿ ಹಲಗೆಗೆ ಪ್ರತಿ ತುದಿಯಲ್ಲಿ ಒಂದೇ ಬೋಲ್ಟು, ಅದೂ ಅಗಲದ ನಟ್ಟನಡುವೆ, ಗಿಡ್ಡ ಪಟ್ಟಿಯ ಮೂಲಕ. 10 ಮಿ.ಮೀ. ದಪ್ಪ, 150 ಮಿ.ಮೀ. ಉದ್ದ, ತಲೆ ಅರ್ಧ ಇಂಚು ಒಳಗೆ ಹುದುಗಿರಬೇಕು. ಹೀಗಾದರೆ ಹಲಗೆ ನಡುವಿನಿಂದ ಎರಡೂ ಕಡೆಗೆ ಸರಾಗ ಹಿಗ್ಗುತ್ತದೆ. ಮಾರ್ಚ್‌ನಲ್ಲಿ ಕಟ್ಟುವವರು ಹಲಗೆಗಳ ನಡುವೆ 3 ಮಿ.ಮೀ. ಸಂದು ಬಿಡಿ, ಶ್ರಾವಣದ ಹೊತ್ತಿಗೆ ಅದು ಬಹುಪಾಲು ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಟ್ಟುವುದಾದರೆ ತಾಗಿಸಿಯೇ ಇಡಿ. ಮುಂದಿನ 3 ಇಂಚಿನ ಹಲಗೆ ಪಟ್ಟಿ ಮತ್ತು ಕಾಲಿನ ಮೇಲೆ ಕೂರುವ ಕಡೆಗಳಲ್ಲಿ ಅಡಿಯಿಂದ ಒಂದಿಂಚು ಕೆತ್ತಿ ತೆಗೆದರೆ ಮೇಲ್ಮೈ ಸಮವಾಗುತ್ತದೆ.

ಮರ ಬೇಡವೆನ್ನುವವರು ಚೌಕಟ್ಟನ್ನು ಕಬ್ಬಿಣದಲ್ಲಿ ಮಾಡಿಸಬಹುದು. 50×50×6 ಮಿ.ಮೀ. ಆಂಗ್ಲರ್‌ನ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಆರು ಮೀಟರಿನ ಎರಡು ಉದ್ದ ಸಾಕು, ತೂಕ ಸುಮಾರು 54 ಕೆ.ಜಿ. ಬೆಸುಗೆಯ ಸಂದುಗಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ತಪ್ಪದೆ ಬಳಿಸಿ. ಹಲಗೆ ಕೂರಿಸುವ ಕ್ರಮ ಮೇಲಿನದೇ.

ವೈಸ್

ದವಡೆ 6 ಇಂಚು ಅಗಲವಿರುವ ವೈಸ್ ತೋಟದ ಎಲ್ಲ ಕೆಲಸಕ್ಕೂ ಸಾಕು. ಅದರ ಜಾಗ ಬಲಗೈಯವರಿಗೆ ಮೇಜಿನ ಬಲಗಾಲಿನ ನೆತ್ತಿಗೆ ಹತ್ತಿರ, ಹಲಗೆಯ ನಡುವೆ ಅಲ್ಲ. ಏಟು, ಜಗ್ಗು ಎರಡೂ ಕಾಲಿನ ಮೂಲಕ ನೇರ ನೆಲಕ್ಕೆ ಇಳಿಯಬೇಕು. ಕದಲದ ದವಡೆ ಮೇಜಿನ ಅಂಚಿನಿಂದ 5 ಮಿ.ಮೀ. ಹೊರಗಿರಲಿ, ಆಗ ಉದ್ದನೆಯ ಕಂಬಿ, ಗುದ್ದಲಿ ಹಿಡಿ ನೆಟ್ಟಗೆ ಇಳಿಬಿಟ್ಟು ಹಿಡಿಸಬಹುದು. 12 ಮಿ.ಮೀ. ಬೋಲ್ಟು, 120 ಮಿ.ಮೀ. ಉದ್ದ, ಹಲಗೆಯ ಅಡಿಗೆ 6 ಮಿ.ಮೀ. ಕಬ್ಬಿಣದ ತಗಡು. ತಗಡಿಲ್ಲದೆ ಬರೀ ವಾಷರ್ ಹಾಕಿದರೆ ಅದು ಮರದೊಳಗೆ ಇಳಿದು ವೈಸ್ ಆರು ತಿಂಗಳಲ್ಲಿ ಅಲ್ಲಾಡುತ್ತದೆ. ಎರಕದ ವೈಸಿನ ದವಡೆಯನ್ನೇ ಅಡಿಗಲ್ಲಾಗಿ ಮಾಡಿಕೊಂಡು ಸುತ್ತಿಗೆಯಲ್ಲಿ ಬಡಿಯಬೇಡಿ, ಎರಕ ಬಾಗುವುದಿಲ್ಲ, ಸೀಳುತ್ತದೆ.

ಜಾಗ, ಒರಲೆ, ತುಕ್ಕು

ಇರಚಲು ಹೊಡೆಯದ ಜಾಗ ಬೇಕು. ಆಗುಂಬೆ, ಹುಲಿಕಲ್ ಕಡೆಯವರಿಗೆ ಜಗುಲಿಯ ತುದಿ ಸಾಲದು, ಒಳಗಿನ ಕೋಣೆಯೇ ಆಗಬೇಕು. ಕೊಟ್ಟಿಗೆಗೆ ಅಂಟಿದ ಕೋಣೆಯೂ ಬೇಡ, ಗಂಜಲದ ಆವಿಗೆ ಉಕ್ಕು ಬೇಗ ಕೆಡುತ್ತದೆ. ಗೋಡೆಗೂ ಮೇಜಿಗೂ ಎರಡಿಂಚು ಅಂತರವಿರಲಿ. ಗೋಡೆಗೇ ಬಿಗಿಯಬೇಕೆಂದರೆ ಚಿರೆಕಲ್ಲಿಗೆ ಆ್ಯಂಕರ್ ಬೋಲ್ಟು ನಿಲ್ಲುವುದಿಲ್ಲ, ಕಲ್ಲು ತೂತುತೂತು. ಗೋಡೆಯಾಚೆಗೆ ತೂರುವ ಉದ್ದ ಬೋಲ್ಟು ಹಾಕಿ ಹೊರಗೆ ತಗಡು ಕೊಡಿ.

ಪ್ರತಿ ಕಾಲಿನಡಿ ಒಂದಿಂಚು ದಪ್ಪದ ಕಲ್ಲಿನ ಬಿಲ್ಲೆ ಇಡಿ. ತೇವ ಏರುವುದಿಲ್ಲ, ಒರಲೆಯ ಮಣ್ಣಿನ ದಾರಿಯೂ ಕಣ್ಣಿಗೆ ಬೀಳುತ್ತದೆ. ಕಾಲಿನ ಕೆಳಗಿನ ಒಂದಡಿಗೆ ಗೇರು ಸಿಪ್ಪೆಯ ಎಣ್ಣೆ ಬಳಿಯಿರಿ. ಅದು ಚರ್ಮ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮೇಲ್ಹಲಗೆಗಂತೂ ಹಚ್ಚಲೇಬಾರದು. ಮೇಲ್ಹಲಗೆಗೆ ಕುದಿಸಿದ ಅಗಸೆ ಎಣ್ಣೆ (ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್), ಮೇಲೂ ಕೆಳಗೂ ಎರಡೆರಡು ಸಲ. ಒಂದೇ ಮೈಗೆ ಹಚ್ಚಿದರೆ ಹಲಗೆ ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಗಿಸಿ.

ಡ್ರಾಯರ್ ಮಾಡಿಸಬೇಡಿ, ಪುನರ್ವಸು ಮಳೆಯ ಹೊತ್ತಿಗೆ ಎಳೆದರೂ ಬರುವುದಿಲ್ಲ. ಕೆಳಗಿನ ಪಟ್ಟಿಗಳ ಮೇಲೆ ಅಡಿಕೆ ದಬ್ಬೆ ಹಾಸಿದರೆ ಗಾಳಿಯಾಡುವ ಅಟ್ಟಣೆಯಾಗುತ್ತದೆ. ಅರ, ಉಳಿ, ಸ್ಪ್ಯಾನರ್‌ಗಳಿಗೆ ಮುಚ್ಚುವ ಕಪಾಟು ಬೇರೆ ಮಾಡಿ ಅದರೊಳಗೆ 15 ವ್ಯಾಟಿನ ಹಳೇ ತಂತಿಯ ಬಲ್ಬು ಉರಿಸಿ. ಎಲ್ಇಡಿ ಬಲ್ಬಿಗೆ ಆ ಕಾವಿಲ್ಲ. ಬಲ್ಬಿಗೆ ಬಟ್ಟೆ, ಮರ ತಾಗದಿರಲಿ. ತೆಂಗಿನೆಣ್ಣೆ ಸವರುವ ರೂಢಿ ಬಿಡಿ, ಅದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು.

ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲ, ದ್ರಾವಣದ ಬಕೆಟು, ತೊಳೆಯದ ಗನ್ನು ಯಾವುದೂ ಈ ಮೇಜಿನ ಮೇಲೆ ಬರಕೂಡದು. ಮೈಲುತುತ್ತದ ನೀರು ಬಿದ್ದಲ್ಲಿ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ವೈಸಿನ ಸ್ಕ್ರೂ, ಅರದ ಹಲ್ಲು ಒಂದು ಹಂಗಾಮಿನಲ್ಲೇ ಹಾಳಾಗುತ್ತವೆ. ಪಂಪು ಬಿಚ್ಚುವ ಮುನ್ನ ಅಂಗಳದಲ್ಲೇ ಎರಡು ಸಲ ಒಳ್ಳೆ ನೀರು ಹಾಯಿಸಿ, ಒರೆಸಿ ಒಳಗೆ ತನ್ನಿ.

ಮೊದಲ ವರ್ಷ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಎಲ್ಲ ನಟ್ಟು ನೋಡಿ. ಬೇಸಿಗೆಯಲ್ಲಿ ಗಟ್ಟಿಯಾಗಿ ಬಿಗಿಯಬಹುದು. ಮಳೆ ಬಿಟ್ಟ ಹೊತ್ತಿನಲ್ಲಿ ಮರ ಉಬ್ಬಿರುತ್ತದೆ, ಆಗ ಸಡಿಲವಿದ್ದದ್ದನ್ನು ಮಾತ್ರ ಕೈಬಿಗಿ ಮಾಡಿ ಬಿಡಿ.