ಸಂದರ್ಶನದ ಬಟ್ಟೆ: ಹಿಂದಿನ ದಿನ ಸಂಜೆ ಕೊಳ್ಳಬೇಡಿ

ಕೆಲಸದ ಸಂದರ್ಶನಕ್ಕೆಂದು ನಮ್ಮ ಕಡೆಯ ಹುಡುಗ ಹುಡುಗಿಯರು ಪ್ರಶ್ನೋತ್ತರಗಳನ್ನು ತಿಂಗಳುಗಟ್ಟಲೆ ಓದುತ್ತಾರೆ, ಬಟ್ಟೆಗೆ ಮಾತ್ರ ಹಿಂದಿನ ದಿನದ ಸಂಜೆಯನ್ನು ಉಳಿಸಿಕೊಳ್ಳುತ್ತಾರೆ. ಅದರ ಫಲವನ್ನು ಯಾವುದೇ ಸಂದರ್ಶನದ ಕೊಠಡಿಯ ಹೊರಗಿನ ಬೆಂಚಿನಲ್ಲಿ ನೋಡಬಹುದು. ಡಬ್ಬಿಯೊಳಗಿನ ಮಡಿಕೆಗಳು ಎದೆಯ ಮೇಲೆ ಚೌಕಾಕಾರವಾಗಿ ಎದ್ದು ಕಾಣುವ ಅಂಗಿ, ಹಿಮ್ಮಡಿಯ ಕೆಳಗೆ ಸಿಕ್ಕಿಕೊಳ್ಳುವ ಪ್ಯಾಂಟು, ತೋಳಿನ ತುದಿಯ ಕಂಪನಿ ಪಟ್ಟಿಯನ್ನು ಕೀಳದೆಯೇ ತೊಟ್ಟ ಭಾವನ ಕೋಟು. ಬಟ್ಟೆಯ ಬೆಲೆ ಕಡಿಮೆಯಾಯಿತೆಂದು ಯಾರ ಕೆಲಸವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಅಳತೆ ತಪ್ಪಿದ ಬಟ್ಟೆಯೊಳಗೆ ಮುಜುಗರಪಟ್ಟುಕೊಂಡು, ಗೊತ್ತಿದ್ದ ಉತ್ತರವನ್ನೂ ತಡವರಿಸಿದವರನ್ನು ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ಈ ಕೆಲಸವನ್ನು ಕನಿಷ್ಠ ಹತ್ತು ದಿನ ಮೊದಲು ಆರಂಭಿಸಬೇಕು.

ಮೊದಲ ಹೆಜ್ಜೆ: ಕೆಲಸದ ಜಾಗವನ್ನು ನೋಡಿ

ಬಟ್ಟೆಯ ಅಂಗಡಿಗೆ ಹೋಗುವ ಮೊದಲು, ಆ ಕೆಲಸವನ್ನು ಈಗ ಮಾಡುತ್ತಿರುವವರು ದಿನನಿತ್ಯ ಏನನ್ನು ಉಡುತ್ತಾರೆ ಎಂಬುದನ್ನು ತಿಳಿದುಕೊಳ್ಳಿ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಸಾಕು, ಎರಡು ಮೆಟ್ಟಿಲು ಬೇಡ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಿಣಿಗೇರಾ ಸುತ್ತಲಿನ ಕಬ್ಬಿಣದ ಘಟಕಗಳು, ಕುಡಿತಿನಿ ಅಥವಾ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ ಇಂತಹ ಕಡೆಗಳಲ್ಲಿ ತಾಂತ್ರಿಕ ಹುದ್ದೆಗೆ ಹೋಗುವವರು ಹತ್ತಿಯ ಬಟ್ಟೆಯನ್ನು ತೊಟ್ಟು, ಬೆರಳು ಮುಚ್ಚುವ ಬೂಟು ಹಾಕಿಕೊಂಡು ಹೋಗಬೇಕು. ಪಾಲಿಯೆಸ್ಟರ್ ಬಟ್ಟೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಸಡಿಲವಾಗಿ ಹಾರಾಡುವ ದುಪಟ್ಟಾ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಸಂದರ್ಶನದ ನಡುವೆ ಘಟಕವನ್ನು ತೋರಿಸಲು ಕರೆದೊಯ್ಯುವ ಸಂಭವವೂ ಇರುವುದರಿಂದ ಇದು ಬರೀ ನೋಟದ ಮಾತಲ್ಲ. ಬ್ಯಾಂಕು, ಸಹಕಾರಿ ಸಂಘ, ವಿಮೆ ಕಚೇರಿಗಳಿಗೆ ತುಂಬುತೋಳಿನ ಸಾದಾ ಅಂಗಿ ಮತ್ತು ಗಾಢ ಬಣ್ಣದ ಪ್ಯಾಂಟು ಸಾಕು. ಖಾಸಗಿ ಶಾಲೆಗಳ ಶಿಕ್ಷಕಿ ಹುದ್ದೆಗೆ ಇಂದಿಗೂ ಹಲವು ಕಡೆ ಸೀರೆಯನ್ನೇ ನಿರೀಕ್ಷಿಸುತ್ತಾರೆ. ಸಂದೇಹವಿದ್ದರೆ ಸಂದರ್ಶನಕ್ಕೆ ಕರೆದವರಿಗೇ ದೂರವಾಣಿ ಮಾಡಿ ಕೇಳಿ. ಹಾಗೆ ಕೇಳಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಜೀನ್ಸ್ ಬಗ್ಗೆ ಒಂದು ಮಾತು. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ದೇಶದ ಹಲವೆಡೆ ಮಾರಾಟವಾಗುವುದು ನಮಗೆ ಹೆಮ್ಮೆಯೇ ಸರಿ, ಆದರೆ ಸಂದರ್ಶನಕ್ಕೆ ಅದು ಬೇಡ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಎಲ್ಲರೂ ಅದನ್ನೇ ತೊಡುತ್ತಾರೆ ಎಂಬ ವಾದವೂ ಬೇಡ; ಅಲ್ಲಿ ತೊಡುವವರು ಕೆಲಸ ಸಿಕ್ಕ ಮೇಲೆ ತೊಡುತ್ತಿದ್ದಾರೆ.

ಎರಡನೆಯ ಹೆಜ್ಜೆ: ಬಟ್ಟೆ ಮತ್ತು ಬಣ್ಣ

ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು, ಬಳ್ಳಾರಿಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸುದ್ದಿಯಲ್ಲ. ಹತ್ತಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಸಹಜವಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇಕಡಾ 1ರಷ್ಟನ್ನೂ ಹಿಡಿದಿಡುವುದಿಲ್ಲ. ಬೆವರು ಬಟ್ಟೆಗೆ ಇಳಿಯದೆ ಮೈಮೇಲೆ ನಿಲ್ಲುವುದು ಇದೇ ಕಾರಣಕ್ಕೆ. ಮದುವೆಯಲ್ಲಿ ಆಯೇರಿಯಾಗಿ ಬಂದ ಮಿರಿಮಿರಿ ಹೊಳೆಯುವ ಪ್ಯಾಂಟ್ ಪೀಸು, ಶರ್ಟ್ ಪೀಸುಗಳನ್ನು ಈ ನೆಪದಲ್ಲಿ ಹೊಲಿಸಿ ಮುಗಿಸಿಬಿಡೋಣ ಎಂಬ ಆಸೆಯನ್ನು ಬಿಡಿ. ಅಂಗಿಗೆ ಹತ್ತಿಯೇ ಇರಲಿ. ಪ್ಯಾಂಟಿಗೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಬಟ್ಟೆ ಒಳ್ಳೆಯದು, ಏಕೆಂದರೆ ಬರೀ ಹತ್ತಿಯ ಪ್ಯಾಂಟು ಬಸ್ಸಿನಲ್ಲಿ ಕುಳಿತೊಡನೆ ಮಂಡಿಯ ಹಿಂದೆ ಸುಕ್ಕಾಗುತ್ತದೆ. ಕಾರ್ಖಾನೆಗೆ ಹೋಗುವವರು ಮಾತ್ರ ಆ ಸುಕ್ಕನ್ನು ಒಪ್ಪಿಕೊಂಡು ಹತ್ತಿಯ ಪ್ಯಾಂಟನ್ನೇ ತೊಡಲಿ.

ಬಣ್ಣದ ವಿಷಯದಲ್ಲಿ ಹೆಚ್ಚಿನವರು ತಿಳಿನೀಲಿಯನ್ನು ಆರಿಸಿ ಕೆಡುತ್ತಾರೆ. ತಿಳಿನೀಲಿ ಮತ್ತು ಬೂದು ಬಣ್ಣಗಳು ಒದ್ದೆಯಾದಾಗ ಬಹಳ ಗಾಢವಾಗುವುದರಿಂದ ಕಂಕುಳಿನ ಬೆವರು ದೂರಕ್ಕೂ ಕಾಣುತ್ತದೆ. ಬಿಳಿ ಅಥವಾ ಸಣ್ಣ ಗೆರೆಯ ಬಿಳಿ ಅಂಗಿಯಲ್ಲಿ ಆ ತೊಂದರೆ ಕಡಿಮೆ. ಆದರೆ ಬಿಳಿ ಅಂಗಿಯ ಒಳಗೆ ಬಣ್ಣದ ಬನಿಯನ್ ಅಥವಾ ಅಕ್ಷರ ಮುದ್ರಿಸಿದ ಟೀ ಶರ್ಟ್ ತೊಟ್ಟರೆ ಅದು ಎದೆಯ ಮೇಲಿನ ಫಲಕದಂತೆ ಓದಿಸಿಕೊಳ್ಳುತ್ತದೆ. ಬಿಳಿ ಬನಿಯನ್ ಮಾತ್ರ ಹಾಕಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಒಗೆದ ಬಿಳಿ ಬಟ್ಟೆ ಕೆಲವೇ ತಿಂಗಳಲ್ಲಿ ಮಾಸಲಾಗುತ್ತದೆ, ಹಾಗಾದ ಹಳೆಯ ಬಿಳಿಗಿಂತ ತಿಳಿ ಕೆನೆಬಣ್ಣ ವಾಸಿ. ಕಪ್ಪು ಅಂಗಿ ನನಗೆ ಎಂದೂ ಒಪ್ಪಿಗೆಯಿಲ್ಲ.

ಮೂರನೆಯ ಹೆಜ್ಜೆ: ಅಳತೆ

ಕೆಲಸ ಕೆಡುವುದೇ ಇಲ್ಲಿ. ಸಿದ್ಧ ಉಡುಪಿನ ಅಂಗಡಿಯಲ್ಲಿ ಹೆಚ್ಚಿನವರು ಕಾಲರ್ ಸಂಖ್ಯೆಯನ್ನು ಹೇಳಿ, ಅಂಗಿಯನ್ನು ಬೆನ್ನಿಗೆ ಹಿಡಿಸಿ ನೋಡಿ, ಚೀಲಕ್ಕೆ ಹಾಕಿಸಿಕೊಂಡು ಬರುತ್ತಾರೆ. ತೊಟ್ಟು ನೋಡದೆ ಅಂಗಿಯನ್ನು ಕೊಳ್ಳಬೇಡಿ, ಮತ್ತು ನೋಡುವಾಗ ಮೊದಲು ಭುಜವನ್ನು ನೋಡಿ. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಯೇ ಕೂರಬೇಕು. ಅರ್ಧ ಇಂಚು ತೋಳಿನ ಮೇಲೆ ಇಳಿದರೂ ಆಳು ಕುಗ್ಗಿದಂತೆ ಕಾಣುತ್ತದೆ. ಸೊಂಟ, ತೋಳಿನ ಉದ್ದ, ಪಕ್ಕೆಗಳನ್ನು ದರ್ಜಿ ಸರಿಪಡಿಸಬಲ್ಲ, ಭುಜವನ್ನು ಸರಿಪಡಿಸಲು ಇಡೀ ತೋಳನ್ನೇ ಬಿಚ್ಚಬೇಕು. ಆದ್ದರಿಂದ ಭುಜ ಸರಿಯಿರುವ ಅಂಗಿಯನ್ನು ಕೊಂಡು ಉಳಿದದ್ದನ್ನು ಹಿಡಿಸಿಕೊಳ್ಳಬೇಕೇ ಹೊರತು, ಹೊಟ್ಟೆಗೆ ಸರಿಯಾದದ್ದನ್ನು ಕೊಂಡು ಭುಜವನ್ನು ಮರೆಯಬಾರದು.

ಮೇಲಿನ ಗುಂಡಿ ಹಾಕಿದ ಮೇಲೆ ಕಾಲರ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸುಲಭವಾಗಿ ಹೋಗಬೇಕು. ನಂತರ ಕುರ್ಚಿಯ ಮೇಲೆ ಕುಳಿತು, ಮೇಜಿನ ಮೇಲೆ ಕಾಗದ ಕೊಡುವವರಂತೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ. ಗುಂಡಿಗಳ ನಡುವೆ ಬಾಯಿ ತೆರೆದರೆ ಅದು ಒಂದು ಅಳತೆ ಚಿಕ್ಕದು. ಅಂಗಡಿಯ ಕನ್ನಡಿಯ ಮುಂದೆ ಎಲ್ಲರೂ ನಿಂತೇ ನೋಡುತ್ತಾರೆ, ಸಂದರ್ಶನ ನಡೆಯುವುದು ಕುಳಿತು. ಅಗ್ಗದ ಅಂಗಿಗಳಲ್ಲಿ ಕಾಲರನ್ನು ಗಟ್ಟಿಯಾಗಿ ನಿಲ್ಲಿಸುವ ಒಳಪದರವಾದ ಬಕ್ರಂ ಅನ್ನು ಅಂಟಿನಿಂದ ಕೂರಿಸಿರುತ್ತಾರೆ, ಒಗೆದಾಗ ಅದು ಬಿಟ್ಟುಕೊಂಡು ಕಾಲರಿನ ಮೇಲೆ ಗುಳ್ಳೆಗಳೇಳುತ್ತವೆ. ಹೊಸ ಅಂಗಿಯನ್ನು ಒಮ್ಮೆ ಒಗೆದು ಇಸ್ತ್ರಿ ಮಾಡಿಯೇ ತೊಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ; ಡಬ್ಬಿಯ ಮಡಿಕೆ ಹೋಗುತ್ತದೆ, ದೋಷವೂ ಮೊದಲೇ ತಿಳಿಯುತ್ತದೆ.

ಪ್ಯಾಂಟಿನ ಉದ್ದವನ್ನು ಸಂದರ್ಶನಕ್ಕೆ ಹಾಕಿಕೊಳ್ಳಲಿರುವ ಬೂಟನ್ನೇ ಹಾಕಿಕೊಂಡು ಗುರುತು ಮಾಡಿಸಬೇಕು. ಚಪ್ಪಲಿಯಲ್ಲಿ ನಿಂತು ಕೊಟ್ಟ ಅಳತೆ ಬೂಟಿನಲ್ಲಿ ಹೊಂದುವುದಿಲ್ಲ, ಬರಿಗಾಲಿನಲ್ಲಿ ಕೊಟ್ಟದ್ದು ಇನ್ನೂ ಕೆಟ್ಟದ್ದು. ಪ್ಯಾಂಟಿನ ಅಂಚು ಮುಂದೆ ಬೂಟಿನ ಮೇಲೆ ಮೆಲ್ಲಗೆ ಕುಳಿತು ಒಂದೇ ಮಡಿಕೆ ಬೀಳಬೇಕು, ಹಿಂದೆ ಹಿಮ್ಮಡಿಯ ತಳವನ್ನು ಮುಟ್ಟಬಾರದು. ಅಂಚನ್ನು ಹೊಲಿಸುವಾಗ ನಮ್ಮ ಊರಿನ ಒಂದು ವಿಶೇಷ ತೊಂದರೆಯಿದೆ. ದಿನವಿಡೀ ಜೀನ್ಸ್ ಆಲ್ಟರ್ ಮಾಡುವ ಕೈ, ಫಾರ್ಮಲ್ ಪ್ಯಾಂಟು ಬಂದರೂ ಅದೇ ಅಭ್ಯಾಸದಿಂದ ಹೊರಗೆ ಕಾಣುವಂತೆ ಯಂತ್ರದ ಹೊಲಿಗೆಯನ್ನು ಎಳೆದುಬಿಡುತ್ತದೆ. ಬಟ್ಟೆಯನ್ನು ಕೈಗೆ ಕೊಡುವ ಮೊದಲೇ, ಹೊರಗೆ ದಾರ ಕಾಣದಂತೆ ಕೈಯಿಂದ ಹೆಮ್ಮಿಂಗ್ ಮಾಡಿಕೊಡಿ ಎಂದು ಹೇಳಿ. ಹೆಚ್ಚಿಗೆ ಹಣ ಕೇಳಿದರೆ ಕೊಡಿ. ಕತ್ತರಿಸಿ ಉಳಿಯುವ ಬಟ್ಟೆಯನ್ನು ಪೂರ್ತಿ ತೆಗೆಸದೆ ಒಳಗೆ ಎರಡು ಇಂಚು ಮಡಿಸಲು ಹೇಳುವುದು ಜಾಣತನ, ಮುಂದೆ ತಮ್ಮನಿಗೂ ಆಗುತ್ತದೆ. ಹತ್ತಿಯ ಬಟ್ಟೆ ತಂದು ಹೊಲಿಸುವುದಾದರೆ ಕತ್ತರಿ ಹಾಕುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲವಾದರೆ ಮೊದಲ ಒಗೆತಕ್ಕೇ ತೋಳು ಮೇಲೇರುತ್ತದೆ. ದರ್ಜಿ ನಾಳೆ ಕೊಡುತ್ತೇನೆ ಎಂದರೆ ಅದನ್ನು ಮೂರು ದಿನವೆಂದು ಲೆಕ್ಕ ಹಾಕಿ. ಮದುವೆಯ ಕಾಲವಾದರೆ ವಾರ.

ಹೆಣ್ಣುಮಕ್ಕಳ ಉಡುಪಿನಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಕುರ್ತಾ ತೊಟ್ಟವರು ಕುಳಿತಾಗ ಪಕ್ಕದ ಸೀಳು ಎಲ್ಲಿಯವರೆಗೆ ಏರುತ್ತದೆ ಎಂದು ನೋಡಬೇಕು, ದುಪಟ್ಟಾವನ್ನು ಎರಡೂ ಭುಜಗಳಲ್ಲಿ ಒಳಗಿನಿಂದ ಪಿನ್ ಮಾಡಬೇಕು. ಜಾರುವ ದುಪಟ್ಟಾವನ್ನು ಎಳೆದುಕೊಳ್ಳುತ್ತಲೇ ಅರ್ಧ ಗಮನ ಹೋಗುತ್ತದೆ. ಸೀರೆಯಾದರೆ ತೆಳು ಅಂಚಿನ ಹತ್ತಿ ಸೀರೆಯೇ ಆಗಲಿ. ಇಳಕಲ್ ಸೀರೆ ಸುಂದರ, ಶಾಲೆಯ ಸಂದರ್ಶನಕ್ಕೆ ನಾನು ಸಂತೋಷದಿಂದ ಒಪ್ಪುತ್ತೇನೆ, ಆದರೆ ಸೀರೆ ಉಟ್ಟು ಅಭ್ಯಾಸವಿಲ್ಲದವರು ಸಂದರ್ಶನದ ದಿನವೇ ಮೊದಲ ಬಾರಿಗೆ ಉಡುವುದು ಬೇಡ. ಗಂಜಿ ಹಾಕಿದ ಸೀರೆಯಾದರೆ ನಿರಿಗೆಗಳು ಉಬ್ಬಿ ನಿಲ್ಲುವುದರಿಂದ ಹಿಂದಿನ ದಿನ ಒಂದು ಗಂಟೆ ಉಟ್ಟು ಓಡಾಡಿ ಮೆತ್ತಗೆ ಮಾಡಿಕೊಳ್ಳಿ. ಕುಪ್ಪಸದ ಕಂಕುಳು ಬಿಗಿಯಾಗಿದ್ದರೆ ಒಳಗಿನ ಪಕ್ಕದ ಹೊಲಿಗೆಯ ಒಂದು ಸಾಲು ಬಿಚ್ಚಿದರೆ ಸಾಕು. ಗಾಜಿನ ಬಳೆ ಮೇಜಿಗೆ ತಾಗಿ ಸದ್ದು ಮಾಡುತ್ತದೆ, ಆ ಹೊತ್ತಿಗೆ ಒಂದೆರಡು ಸಾಕು.

ಕೋಟಿನ ಬಗ್ಗೆ ನನ್ನ ಸಲಹೆ ಚಿಕ್ಕದು: ಬೇಸಿಗೆಯಲ್ಲಿ ಬೇಡ, ಎರವಲು ತಂದದ್ದು ಎಂದೂ ಬೇಡ. ನಿಮ್ಮದೇ ಕೋಟು ಇದ್ದು ತೊಡಲೇಬೇಕೆಂದರೆ ತೋಳಿನ ತುದಿಯ ಪಟ್ಟಿಯನ್ನೂ, ಹಿಂದಿನ ಸೀಳನ್ನು ಅಡ್ಡಡ್ಡ ಹಿಡಿದಿರುವ ಟಾಕಾದ ದಾರವನ್ನೂ ಬಿಡಿಸಿ. ಅವು ಅಂಗಡಿಗೆ ಸಾಗಿಸುವವರೆಗಷ್ಟೇ ಇರಬೇಕಾದವು.

ಬೂಟು, ಬೆಲ್ಟು, ಇಸ್ತ್ರಿ

ಬೂಟು ಮತ್ತು ಬೆಲ್ಟು ಒಂದೇ ಬಣ್ಣದವಿರಲಿ; ಕಾಲುಚೀಲ ಪ್ಯಾಂಟಿನ ಬಣ್ಣಕ್ಕೆ ಹೊಂದಲಿ ಮತ್ತು ಕುಳಿತಾಗ ಕಾಲಿನ ಚರ್ಮ ಕಾಣದಷ್ಟು ಎತ್ತರವಿರಲಿ. ಹೊಸ ಬೂಟನ್ನು ಮನೆಯಲ್ಲಿ ನಾಲ್ಕು ದಿನ ಹಾಕಿ ಓಡಾಡಿ, ಅಡಿಯ ಬೆಲೆ ಚೀಟಿಯನ್ನು ಕಿತ್ತುಹಾಕಿ. ಒರೆಸಿದರೆ ಹೊಳೆಯುತ್ತದೆಂದು ಮಾರುವ ಸ್ಪಂಜನ್ನು ನಂಬಬೇಡಿ: ಅದು ಬಿಡುವ ಎಣ್ಣೆಯ ಪದರಕ್ಕೆ ನಮ್ಮ ಕೆಂಧೂಳು, ಅದರಲ್ಲೂ ಸಂಡೂರು ಮತ್ತು ಹೊಸಪೇಟೆ ದಾರಿಯ ಅದಿರಿನ ಧೂಳು, ಹತ್ತೇ ನಿಮಿಷದಲ್ಲಿ ಮೆತ್ತಿಕೊಳ್ಳುತ್ತದೆ. ಡಬ್ಬಿಯ ಮೇಣದ ಪಾಲಿಶ್ ಹಚ್ಚಿ, ಒಣಗಲು ಬಿಟ್ಟು, ಬ್ರಷ್‌ನಿಂದ ಉಜ್ಜುವುದೇ ಸರಿಯಾದ ದಾರಿ.

ಹತ್ತಿಯ ಅಂಗಿಯನ್ನು ಸ್ವಲ್ಪ ತೇವವಿರುವಾಗಲೇ ಇಸ್ತ್ರಿ ಮಾಡಿ. ಮೊದಲು ಕಾಲರ್, ನಂತರ ತೋಳಿನ ಪಟ್ಟಿ, ಕೊನೆಗೆ ಬೆನ್ನು. ಪ್ಯಾಂಟಿನ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸದೆ ಬಿಸಿ ಇಸ್ತ್ರಿ ಇಟ್ಟರೆ ಹೊಳಪಿನ ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಕೆಂಡದ ಇಸ್ತ್ರಿಯವರ ಬಳಿ ಕೊಡುವುದಾದರೆ ಈ ಮಾತನ್ನು ಹೇಳಿಯೇ ಕೊಡಿ. ನುಸಿಗುಳಿಗೆಯ ಪೆಟ್ಟಿಗೆಯಿಂದ ತೆಗೆದ ಬಟ್ಟೆಯನ್ನು ಎರಡು ದಿನ ನೆರಳಿನಲ್ಲಿ ಗಾಳಿಗೆ ಹಾಕಿ. ಆ ವಾಸನೆಯನ್ನು ಸೆಂಟು ಮುಚ್ಚುವುದಿಲ್ಲ, ಎರಡೂ ಬೆರೆತು ಇನ್ನಷ್ಟು ಕೆಡುತ್ತದೆ.

ದಾರಿಯಲ್ಲಿ

ಮನೆಯಿಂದ ಹೊರಟಾಗ ಇದ್ದ ಬಟ್ಟೆ ಸಂದರ್ಶನದ ಬಾಗಿಲು ತಲುಪುವವರೆಗೆ ಹಾಗೆಯೇ ಉಳಿಯುತ್ತದೆ ಎಂದುಕೊಳ್ಳುವುದೇ ದೊಡ್ಡ ತಪ್ಪು. ಲಿಂಗಸುಗೂರಿನಿಂದ ರಾಯಚೂರಿಗೋ ಕುಷ್ಟಗಿಯಿಂದ ಕೊಪ್ಪಳಕ್ಕೋ ಬಸ್ಸಿನಲ್ಲಿ ಬರುವವರು ಹಳೆಯ ಟೀ ಶರ್ಟಿನಲ್ಲಿ ಬಂದು, ಅಂಗಿಯನ್ನು ಅಲ್ಲಿಯೇ ತೊಡುವುದು ಒಳ್ಳೆಯದು. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವವರಿಗಂತೂ ಬೇರೆ ದಾರಿಯಿಲ್ಲ. ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ಮುಖ ತೊಳೆದು ಬಟ್ಟೆ ಬದಲಿಸಿ. ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ಬೆನ್ನಿನ ಮೇಲೆ ವೃತ್ತಪತ್ರಿಕೆ ಇಡದೆ ತೆಳು ಬಿಳಿ ಹಾಳೆಯಿಟ್ಟು ಮಡಿಸಿ, ಏಕೆಂದರೆ ಪತ್ರಿಕೆಯ ಶಾಯಿ ಬಿಳಿ ಬಟ್ಟೆಗೆ ಹತ್ತುತ್ತದೆ. ಕಾಲರ್ ಅಮುಕಿ ಹೋಗದಂತೆ ಅದರೊಳಗೆ ಬೆಲ್ಟನ್ನು ಸುರುಳಿ ಸುತ್ತಿ ಇಡಿ. ಚೀಲದಲ್ಲಿ ಒಂದು ಸೂಜಿದಾರ, ಎರಡು ಪಿನ್ನು, ಒಂದು ಕರವಸ್ತ್ರ ಇರಲಿ. ಬಾಗಿಲಿನ ಹೊರಗೆ ಹತ್ತು ನಿಮಿಷ ಫ್ಯಾನಿನ ಕೆಳಗೆ ಕುಳಿತು ಬೆವರು ಆರಿದ ಮೇಲೆಯೇ ಹೆಸರು ಬರೆಸಿ.

ಮನೆಗೆ ಮರಳಿದ ಮೇಲೆ ಅಂಗಿಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎರಡನೆಯ ಸುತ್ತಿಗೆ ಕರೆ ಬರುವುದು ಕೆಲವೊಮ್ಮೆ ಮೂರೇ ದಿನಗಳಲ್ಲಿ, ತೊಡಬೇಕಾದದ್ದು ಇದೇ ಅಂಗಿಯನ್ನು. ಬೆವರಿನ ಕಲೆಯಿರುವ ಬಟ್ಟೆಗೆ ಇಸ್ತ್ರಿ ತಾಗಿದರೆ ಹಳದಿ ಕಲೆ ಗಟ್ಟಿಯಾಗಿ ನಿಲ್ಲುತ್ತದೆ, ಆದ್ದರಿಂದ ಅದೇ ಸಂಜೆ ಕಂಕುಳು ಮತ್ತು ಕಾಲರಿನ ಭಾಗವನ್ನು ತಣ್ಣೀರಿನಲ್ಲಿ ನೆನೆಸಿ, ಒಗೆದು, ನೆರಳಿನಲ್ಲಿ ಹ್ಯಾಂಗರಿಗೆ ಹಾಕಿ ಒಣಗಿಸಿ.