ಸೈಕಲ್ ರಿಮ್ಮಿನ ಮೇಲೆ ಕಾಯಿಲ್ ಸುತ್ತಿದ್ದು: ನನ್ನ ಅನುಭವ

ಸಣ್ಣ ಕಾಯಿಲ್ (ತಂತಿಯ ಸುರುಳಿ) ಬೇಕಾದರೆ ಪಿವಿಸಿ ಪೈಪಿನ ಒಂದು ತುಂಡು ಸಾಕು. ಅಡಿಗಿಂತ ಅಗಲದ ಕಾಯಿಲ್ ಬೇಕು ಅಂದಾಗ ತಲೆನೋವು ಶುರು. ಎನಾಮಲ್ ತಂತಿ, ಅಂದರೆ ಕರೆಂಟ್ ತಾಗದಂತೆ ತೆಳುವಾದ ಲೇಪ ಹಾಕಿದ ತಾಮ್ರದ ತಂತಿ, ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಪವರ್ ಸಪ್ಲೈ ಸಿಗುತ್ತದೆ. ಆದರೆ ಅಷ್ಟು ದೊಡ್ಡ, ಸರಿಯಾಗಿ ದುಂಡಗಿರುವ, ಅಂಚಿನಲ್ಲಿ ಕಾಲುವೆ ಇರುವ ಅಚ್ಚು ಎಲ್ಲಿಂದ ತರುವುದು?

ನನಗೆ ಬೇಕಾಗಿದ್ದು ಹೆಲ್ಮ್‌ಹೋಲ್ಟ್ಸ್ ಕಾಯಿಲ್. ಒಂದೇ ಅಳತೆಯ ಎರಡು ಸುರುಳಿಗಳನ್ನು ಎದುರು ಬದುರು ನಿಲ್ಲಿಸಿ, ಅವುಗಳ ನಡುವಿನ ದೂರವನ್ನು ಸುರುಳಿಯ ತ್ರಿಜ್ಯಕ್ಕೆ ಸಮ ಮಾಡಿದರೆ ನಡುವೆ ಬಹಳ ಸಮನಾದ ಕಾಂತಕ್ಷೇತ್ರ ಸಿಗುತ್ತದೆ. ಹಾಗಾಗಿ ಒಂದು ಅಚ್ಚು ಸಿಕ್ಕಿದರೆ ಸಾಲದು, ಜೋಡಿ ಬೇಕು. ಇದರಿಂದಲೇ ಮನೆಯಲ್ಲಿರುವ ಅರ್ಧ ಸಾಮಾನು ಪಟ್ಟಿಯಿಂದ ಹೊರಗೆ ಹೋಗುತ್ತದೆ. ಬಣ್ಣದ ಬಕೆಟ್ ನೋಡಲು ಚೆನ್ನ, ಆದರೆ ಕೆಳಗೆ ಕಿರಿದು, ಮೇಲೆ ಅಗಲ. ಸುತ್ತು ಜಾರುತ್ತದೆ. ಕಸೂತಿಯ ಮರದ ಬಳೆ ಹಗುರ, ಆದರೆ ತಂತಿಯ ಬಿಗಿತಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಜರಡಿಯ ಚೌಕಟ್ಟು ಗಟ್ಟಿ, ಆದರೆ ಅಂಚಿಲ್ಲ. ಪಿವಿಸಿ ಪೈಪ್ ನನಗೆ ಬೇಕಾದ 40 ಸೆಂ.ಮೀ. ಅಳತೆಯಲ್ಲಿ ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಇರುವುದಿಲ್ಲ.

ಕೊನೆಗೆ ಕಣ್ಣಿಗೆ ಬಿದ್ದದ್ದು ಮಕ್ಕಳ ಸೈಕಲ್ಲಿನ 20 ಇಂಚಿನ ರಿಮ್ಮು. 20 ಇಂಚು ಅನ್ನುವುದು ಟೈರಿನ ಹೊರಗಿನ ಅಳತೆ, ರಿಮ್ಮು ಸುಮಾರು 40 ಸೆಂ.ಮೀ. ಇರುತ್ತದೆ. ಟೈರ್ ಕೂರುವ ಕಾಲುವೆಯೇ ತಂತಿಗೆ ಹೇಳಿ ಮಾಡಿಸಿದ ಜಾಗ. ಎರಡೂ ಚಕ್ರ ಒಂದೇ ಅಳತೆ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಕೊಡುತ್ತಾರೆ. ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ, ಇದು ಮುಖ್ಯ. ಕ್ರೋಮ್ ಹಾಕಿದ ಸ್ಟೀಲ್ ರಿಮ್ಮು ಮತ್ತು ಅಲ್ಯೂಮಿನಿಯಂ ರಿಮ್ಮು ಧೂಳು ಹಿಡಿದಾಗ ಒಂದೇ ಥರ ಕಾಣುತ್ತವೆ. ಅಯಸ್ಕಾಂತ ಅಂಟಿದರೆ ಆ ರಿಮ್ಮು ಬೇಡ. ಕಬ್ಬಿಣ ಕಾಂತಕ್ಷೇತ್ರವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಕರೆಂಟ್ ನಿಂತ ಮೇಲೂ ಸ್ವಲ್ಪ ಕಾಂತತ್ವ ಉಳಿಸಿಕೊಳ್ಳುತ್ತದೆ. ಪುಸ್ತಕದ ಸೂತ್ರ ಅಲ್ಲಿ ನಡೆಯುವುದಿಲ್ಲ. ಕೆಲವು ಅಲ್ಯೂಮಿನಿಯಂ ರಿಮ್ಮುಗಳಲ್ಲೂ ಕಡ್ಡಿ ಕೂರುವ ತೂತಿಗೆ ಸ್ಟೀಲಿನ ಸಣ್ಣ ಬಳೆ ಹೊಡೆದಿರುತ್ತಾರೆ. ಅಲ್ಲೂ ಅಯಸ್ಕಾಂತ ಆಡಿಸಿ ನೋಡಬೇಕು.

ಇನ್ನೊಂದು ವಿಷಯವನ್ನು ಬಹಳ ಜನ ಯೋಚಿಸುವುದೇ ಇಲ್ಲ. ಲೋಹದ ರಿಮ್ಮು ಅಂದರೆ ಅದೂ ಒಂದು ಸುತ್ತು, ತುದಿ ಸೇರಿಸಿಬಿಟ್ಟ ಒಂದು ಸುತ್ತು. ಡಿಸಿ ಕರೆಂಟಿಗೆ ಇದರಿಂದ ತೊಂದರೆ ಇಲ್ಲ. ಎಸಿ ಕೊಟ್ಟರೆ ಮಾತ್ರ ಟ್ರಾನ್ಸ್‌ಫಾರ್ಮರಿನ ಶಾರ್ಟ್ ಆದ ಸೆಕೆಂಡರಿಯಂತೆ (ಎರಡನೇ ಸುರುಳಿಯಂತೆ) ರಿಮ್ಮಿನಲ್ಲೇ ಕರೆಂಟ್ ಹರಿದು, ನಿಮ್ಮ ಕ್ಷೇತ್ರಕ್ಕೆ ಎದುರಾಗಿ ನಿಲ್ಲುತ್ತದೆ. 50 ಹರ್ಟ್ಸ್‌ನಲ್ಲೇ ಇದರ ಪರಿಣಾಮ ಕಾಣುತ್ತದೆ, ಕಿಲೋಹರ್ಟ್ಸ್‌ಗೆ ಹೋದರೆ ಬಹುಪಾಲು ನುಂಗಿಬಿಡುತ್ತದೆ. ಆದ್ದರಿಂದ ರಿಮ್ಮಿನ ಜೋಡಣೆ ಇರುವ ಜಾಗದಲ್ಲೇ ಹ್ಯಾಕ್ಸಾದಿಂದ ಒಂದು ಸೀಳು ಹಾಕಿದೆ. ಸೀಳಿನ ಎರಡು ತುದಿ ಮತ್ತೆ ಮುಟ್ಟದಂತೆ ತೆಳುವಾದ ಫೈಬರ್ ತುಂಡು ಅಂಟಿಸಿದೆ. ಡಿಸಿ ಮಾತ್ರ ಸಾಕು ಅನ್ನುವವರು ಇದನ್ನು ಬಿಡಬಹುದು. ನಾನಂತೂ ಹೇಗೂ ಕೈಹಾಕಿದ್ದೇನೆ ಅಂತ ಮಾಡಿಬಿಟ್ಟೆ.

ಸೀಳಿದ ರಿಮ್ಮು ಸಡಿಲ. ಸ್ಟೀಲ್ ಕಡ್ಡಿಗಳನ್ನೂ ಬಿಚ್ಚಿ ಎಸೆಯಬೇಕು. ಹಾಗಾಗಿ ಒಳಗೆ ಆಸರೆ ಬೇಕು. ಮರದ ಎರಡು ರೀಪರ್ ತೆಗೆದುಕೊಂಡು, ನಡುವೆ ಕಚ್ಚು ಕೊರೆದು ಶಿಲುಬೆಯಂತೆ ಕೂರಿಸಿದೆ. ನಾಲ್ಕು ತುದಿಗಳು ರಿಮ್ಮಿನ ಒಳಗೆ ಒತ್ತಿ ಕೂರಬೇಕು. ಕಡ್ಡಿಯ ತೂತುಗಳ ಮೂಲಕವೇ ಹಿತ್ತಾಳೆ ಸ್ಕ್ರೂ ಹಾಕಿದೆ, ಕಬ್ಬಿಣದ್ದು ಬೇಡ. ಸೀಳು ಒಂದು ತುದಿಯ ಪಕ್ಕದಲ್ಲೇ ಬರುವಂತೆ ನೋಡಿಕೊಂಡೆ. ಶಿಲುಬೆಯ ಸರಿಯಾದ ನಡುವಿಗೆ ಒಂದು ತೂತು ಕೊರೆದು ಸರಳು ತೂರಿಸಿದರೆ ಅದೇ ಸುತ್ತುವ ಯಂತ್ರ. ಎರಡು ಸ್ಟೂಲಿನ ನಡುವೆ ಸರಳು ಇಟ್ಟು, ರಿಮ್ಮನ್ನು ಕೈಯಿಂದ ತಿರುಗಿಸಿದೆ.

ತಂತಿ ಹಾಕುವ ಮುಂಚೆ ಕಾಲುವೆಯ ತಳವನ್ನು ಮುಚ್ಚಲೇಬೇಕು. ತೂತಿನ ಅಂಚು ಎನಾಮಲ್ಲನ್ನು ಸದ್ದಿಲ್ಲದೆ ಕೆರೆಯುತ್ತದೆ, ಆಮೇಲೆ ತಂತಿ ರಿಮ್ಮಿಗೆ ತಾಗುತ್ತದೆ. ಅಂಚುಗಳಿಗೆ ಅರ ಹಾಕಿ ಮೊಂಡು ಮಾಡಿ, ಮೇಲೆ ಮೋಟಾರ್ ವೈಂಡಿಂಗ್ ಅಂಗಡಿಯ ಕಾಟನ್ ಟೇಪನ್ನು ಎರಡು ಪದರ ಸುತ್ತಿದೆ. ಗಾಳಿ ಹೊಡೆಯುವ ವಾಲ್ವಿನ ತೂತು ತಂತಿಯ ತುದಿ ಹೊರಗೆ ತರಲು ಅನುಕೂಲ. ಅಲ್ಲಿ ತಂತಿಗೆ ಸ್ಲೀವ್ (ತೆಳು ಕೊಳವೆಯ ಹೊದಿಕೆ) ಹಾಕಿ.

ತಂತಿ 22 ಗೇಜ್. ಎಸ್‌ಡಬ್ಲ್ಯುಜಿ (ತಂತಿಯ ದಪ್ಪ ಹೇಳುವ ಬ್ರಿಟಿಷ್ ಗೇಜ್) ಲೆಕ್ಕದಲ್ಲಿ ತಾಮ್ರದ ದಪ್ಪ 0.71 ಮಿ.ಮೀ. ಒಂದೊಂದು ರಿಮ್ಮಿಗೆ 100 ಸುತ್ತು. ತ್ರಿಜ್ಯ 20 ಸೆಂ.ಮೀ. ಅಂದರೆ ಒಂದು ಸುತ್ತಿಗೆ 1.26 ಮೀಟರ್, 100 ಸುತ್ತಿಗೆ 126 ಮೀಟರ್. ತೂಕ ಸುಮಾರು 450 ಗ್ರಾಂ, ರೆಸಿಸ್ಟೆನ್ಸ್ ಸುಮಾರು 5.5 ಓಮ್. ಎರಡನ್ನೂ ಸೀರಿಸ್‌ನಲ್ಲಿ ಸೇರಿಸಿದರೆ 11 ಓಮ್. 12 ವೋಲ್ಟಿಗೆ ಒಂದು ಆಂಪಿಯರ್ ಚಿಲ್ಲರೆ ಹರಿಯುತ್ತದೆ. ಕೈಗೆ ಬೆಚ್ಚಗಾಗುತ್ತದೆ, ಸುಡುವುದಿಲ್ಲ. ತಂತಿ ಕೊಳ್ಳುವ ಮುಂಚೆ ಈ ಲೆಕ್ಕ ಕಾಗದದ ಮೇಲೆ ಹಾಕಿಕೊಳ್ಳಿ. ತಾಮ್ರದ ಬೆಲೆ ಗೊತ್ತಲ್ವಾ?

ಸುತ್ತುವಾಗ ತಂತಿಯ ಸ್ಪೂಲ್ ತನ್ನದೇ ಸರಳಿನ ಮೇಲೆ ತಿರುಗಬೇಕು. ಸ್ಪೂಲನ್ನು ನೆಲದ ಮೇಲೆ ನಿಲ್ಲಿಸಿ ಮೇಲಿನಿಂದ ಎಳೆದರೆ ಪ್ರತಿ ಸುತ್ತಿಗೂ ತಂತಿ ತಿರುಚಿಕೊಂಡು ಗಂಟಾಗುತ್ತದೆ. ಆ ಗಂಟನ್ನು ನೇರ ಮಾಡಿದರೂ ಅಲ್ಲಿ ಎನಾಮಲ್ ಬಿರುಕು ಬಿಟ್ಟಿರುತ್ತದೆ. ಎಡಗೈಯಲ್ಲಿ ಒಂದು ಮಡಿಸಿದ ಬಟ್ಟೆ ಹಿಡಿದು, ಅದರ ನಡುವೆ ತಂತಿ ಜಾರಿಸುತ್ತಾ ಬಂದರೆ ಬಿಗಿತ ಒಂದೇ ಸಮ ಇರುತ್ತದೆ. ಎಣಿಕೆಗೆ ಹಳೆಯ ಕ್ಯಾಲ್ಕುಲೇಟರ್ ಸಾಕು. ಅದರ ಸಮ ಚಿಹ್ನೆಯ ಗುಂಡಿಗೆ ಎರಡು ತಂತಿ ಬೆಸೆದು, ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ತಾನೇ ಕೂಡಿಕೊಳ್ಳುವ ಸ್ವಿಚ್) ಜೋಡಿಸಿ, ಶಿಲುಬೆಗೆ ಒಂದು ಸಣ್ಣ ಅಯಸ್ಕಾಂತ ಅಂಟಿಸಿ. ಮೊದಲು 1 + ಒತ್ತಿಟ್ಟರೆ ಪ್ರತಿ ಸುತ್ತಿಗೂ ಲೆಕ್ಕ ಒಂದೊಂದೇ ಏರುತ್ತದೆ. ಎಲ್ಲ ಕ್ಯಾಲ್ಕುಲೇಟರೂ ಹೀಗೆ ಮಾಡುವುದಿಲ್ಲ, ಮೊದಲೇ ಒತ್ತಿ ನೋಡಿ. ಮುಗಿದ ಮೇಲೆ ಅಯಸ್ಕಾಂತ ಕಿತ್ತುಹಾಕಿ.

ಮೊದಲ ಪದರಕ್ಕೆ ಮುಂಚೆ ಒಮ್ಮೆ, ಕೊನೆಯ ಪದರದ ಮೇಲೆ ಒಮ್ಮೆ ಟೈಲರ್ ಟೇಪಿನಿಂದ ಸುತ್ತಳತೆ ತೆಗೆದುಕೊಳ್ಳಿ. ಎರಡರ ಸರಾಸರಿಯನ್ನು 6.28ರಿಂದ ಭಾಗಿಸಿದರೆ ನಿಜವಾದ ತ್ರಿಜ್ಯ. ಎರಡು ರಿಮ್ಮುಗಳ ನಡುವೆ ಇಡುವ ದೂರ ಇದೇ, ಸುತ್ತಿನ ನಡುವಿನಿಂದ ಸುತ್ತಿನ ನಡುವಿಗೆ.

ಈ ಅಳತೆಗೆ ಒಂದು ಆಂಪಿಯರಿನಲ್ಲಿ ನಡುವೆ ಸುಮಾರು 450 ಮೈಕ್ರೋಟೆಸ್ಲಾ ಬರಬೇಕು. ಬಹಳಷ್ಟು ಫೋನುಗಳಲ್ಲೇ ಕಾಂತಕ್ಷೇತ್ರ ಅಳೆಯುವ ಸೆನ್ಸರ್ ಇರುತ್ತದೆ. ಫೋನಿನ ಸೆನ್ಸರ್ ಅಂಕಿ ತೋರಿಸುವ ಫೈಫಾಕ್ಸ್ ಆಪ್ ಹಾಕಿಕೊಂಡು ಫೋನನ್ನು ನಡುವೆ ಇಟ್ಟು ನೋಡಿದೆ. ಕರೆಂಟ್ ಕೊಟ್ಟಾಗ ಅಂಕಿ ಹೆಚ್ಚುಕಮ್ಮಿ ಬದಲಾಗದೆ ನಿಂತರೆ ಒಂದು ಕಾಯಿಲ್ ಉಲ್ಟಾ ಜೋಡಣೆಯಾಗಿದೆ ಅಂತ ಅರ್ಥ, ತುದಿ ಅದಲು ಬದಲು ಮಾಡಿ. ಅಕ್ಷದ ಉದ್ದಕ್ಕೆ ನಡುವಿನಿಂದ 6 ಸೆಂ.ಮೀ. ಆಚೀಚೆ ಸರಿದರೂ ಕ್ಷೇತ್ರ ಶೇ. 1ರಷ್ಟು ಮಾತ್ರ ಇಳಿಯುತ್ತದೆ. ಸ್ವಿಚ್ ಆರಿಸುವಾಗ ಕಿಡಿ ಹಾರದಂತೆ ತುದಿಗಳಿಗೆ ಅಡ್ಡ ಒಂದು 1ಎನ್4007 ಡಯೋಡ್ ಹಾಕಿದ್ದೇನೆ. ಎಸಿ ಕೊಡುವಾಗ ಅದನ್ನು ತೆಗೆಯಬೇಕು.

ನಮ್ಮ ಕಡೆ ಇದಕ್ಕೊಂದು ಮಜಾ ಇದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮನಾಗಿ ಮಲಗುವ ಗೆರೆ, ನಮಗೆ ಹತ್ತಿರ, ಅದು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಹಾಗಾಗಿ ಈ 40ರ ಬಹುಪಾಲು ನೆಲಕ್ಕೆ ಸಮನಾಗಿಯೇ ಮಲಗಿರುತ್ತದೆ. ರಿಮ್ಮುಗಳನ್ನು ಉತ್ತರ-ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ, ಎದುರು ದಿಕ್ಕಿನಲ್ಲಿ 90 ಮಿಲಿ ಆಂಪಿಯರ್ ಆಸುಪಾಸಿಗೆ ತಂದರೆ ನಡುವೆ ಇಟ್ಟ ದಿಕ್ಸೂಚಿಗೆ ಉತ್ತರ ಯಾವುದು ಅಂತ ಗೊತ್ತಾಗುವುದಿಲ್ಲ. ಮುಳ್ಳು ಸುಮ್ನೆ ತಿರುಗಿಸಿದ ಕಡೆ ನಿಲ್ಲುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟರೆ ದಕ್ಷಿಣವನ್ನೇ ಉತ್ತರ ಅನ್ನುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ರಿಮ್ಮು ಸಿಗದವರಿಗೆ ಪ್ಲೈವುಡ್ ಇದೆ. ಎರಡು ದೊಡ್ಡ ವೃತ್ತ, ನಡುವೆ ಒಂದು ಚಿಕ್ಕ ವೃತ್ತ, ಬೋಲ್ಟ್ ಹಾಕಿ ಬಿಗಿದರೆ ಕಾಲುವೆ ರೆಡಿ. ಸೀಳುವ ತಾಪತ್ರಯ ಇಲ್ಲ, ಎಸಿಗೂ ಆಗುತ್ತದೆ. ವೈಂಡಿಂಗ್ ಅಂಗಡಿಯವರಂತೆ ದೊಡ್ಡ ವೃತ್ತದ ಅಂಚಿನಲ್ಲಿ ಅಲ್ಲಲ್ಲಿ ಕಚ್ಚು ಕೊಯ್ದಿಟ್ಟರೆ, ಸುತ್ತಿದ ಮೇಲೆ ಅದರಲ್ಲಿ ದಾರ ತೂರಿಸಿ ಕಟ್ಟಿ ಕಾಯಿಲನ್ನು ಹೊರಗೆ ತೆಗೆಯಬಹುದು. ಆಗ ಒಂದೇ ಅಚ್ಚಿನಲ್ಲಿ ಎರಡೂ ಕಾಯಿಲ್ ಮುಗಿಯುತ್ತವೆ. ಚಿಕ್ಕ ವೃತ್ತದ ಅಂಚಿಗೆ ಮೇಣ ಸವರುವುದು ಮರೆಯಬೇಡಿ.

ಮೀಟರಿಗಿಂತ ದೊಡ್ಡದು ಬೇಕಾದರೆ ನಾನು ದುಂಡಗೆ ಮಾಡಲು ಹೋಗುವುದಿಲ್ಲ. ಬಡಗಿಗೆ ಹೇಳಿ ಎರಡು ಚೌಕ ಮಾಡಿಸುವುದೇ ಸುಲಭ. ಚೌಕಕ್ಕೆ ನಡುವಿನ ದೂರ ಬದಿಯ ಉದ್ದದ 0.5445ರಷ್ಟು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಸಿ, ಇಲ್ಲದಿದ್ದರೆ ತಂತಿ ಅಲ್ಲಿ ಉಬ್ಬಿ ನಿಲ್ಲುತ್ತದೆ. ಅಷ್ಟು ದೊಡ್ಡ ಚೌಕಕ್ಕೆ ಬಿಡಿ ತಂತಿ ಸುತ್ತುವುದೂ ಬೇಡ. ಹತ್ತು ಎಳೆಯ ಕೇಬಲ್ಲನ್ನು ಹತ್ತು ಸಲ ಸುತ್ತಿ, ಒಂದನೇ ಎಳೆಯ ಕೊನೆಯನ್ನು ಎರಡನೇ ಎಳೆಯ ಶುರುವಿಗೆ, ಎರಡನೆಯದರ ಕೊನೆಯನ್ನು ಮೂರನೆಯದಕ್ಕೆ, ಹೀಗೆ ಬೆಸೆಯುತ್ತಾ ಹೋದರೆ 100 ಸುತ್ತು ಆಯಿತು. ಎಳೆಗಳಿಗೆ ಬೇರೆ ಬೇರೆ ಬಣ್ಣ ಇರುವ ಕೇಬಲ್ ಕೊಂಡರೆ ಬೆಸೆಯುವಾಗ ಮೀಟರ್ ಹಿಡಿದು ಹುಡುಕುವ ಕೆಲಸ ಉಳಿಯುತ್ತದೆ.